ಹಿಂದಿನ ಎಡ ಚಕ್ರ

ವ್ಯಾನಿನ ಮುಂದಿನ ಎರಡು ಚಕ್ರ ತೊಳೆದಾಗಿತ್ತು. ಬಕೆಟ್ಟನ್ನು ಹಿಂದಕ್ಕೆ ಎಳೆದುಕೊಂಡು ಎಡಗಡೆಯ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಶೆಡ್ಡಿನ ತಗಡಿನ ಸಂದಿಯಿಂದ ಬೆಳಕು ಆಗಷ್ಟೇ ಇಳಿಯುತ್ತಿತ್ತು. ಅಪ್ಪ ಅತ್ತ ಬಾನೆಟ್ಟು ಎತ್ತಿ ನೀರು, ಆಯಿಲ್ ನೋಡುತ್ತಿದ್ದ. ಚಿಂದಿಯನ್ನು ಅದ್ದಿ, ಹಿಂಡಿ, ಚಕ್ರದ ಹೊರಮೈ ಒರೆಸಿದೆ. ಆಮೇಲೆ ದಿನಾ ಮಾಡುವ ಹಾಗೆ ಕೈಯನ್ನು ಒಳಮೈಗೆ ತೂರಿಸಿದೆ. ಬೆರಳು ಜಾರಿತು.

ಕೈ ತೆಗೆದು ಮೂಸಿದೆ. ಇಂಜಿನ್ ಆಯಿಲ್ ಆದರೆ ಕಪ್ಪಗೆ ಅಂಟುತ್ತದೆ. ಇದು ತೆಳ್ಳಗಿತ್ತು, ಹಳಸಿದ ಮೀನಿನ ವಾಸನೆ ಇತ್ತು. ಬ್ರೇಕ್ ಆಯಿಲ್.

ಎದ್ದು ಹೋಗಿ ಅಪ್ಪನ ಮೂಗಿನ ಮುಂದೆ ಬೆರಳು ಹಿಡಿದೆ. ಯಾವುದು ಎಂದು ಹುಬ್ಬಿನಲ್ಲೇ ಕೇಳಿದ. ತೋರಿಸಿದೆ. ಅಪ್ಪ ಬಾನೆಟ್ಟು ಮುಚ್ಚಿ ಅದರ ಮೇಲೆ ಎರಡೂ ಕೈ ಊರಿ ನಿಂತ.

ವ್ಯಾನಿನ ಯಜಮಾನ ಬಂದಾಗಲೂ ಅಪ್ಪ ಹಾಗೇ ನಿಂತಿದ್ದ.

“ಇವತ್ತು ವ್ಯಾನು ಎತ್ತಲ್ಲ, ಯಜಮಾನ್ರೆ.”

“ಎತ್ತಲ್ವಾ? ಯಾಕೆ, ನಿಮ್ಮಪ್ಪ ಮಾಡಿಟ್ಟು ಹೋಗಿದ್ದೇನೋ ಇದು?”

“ಹಿಂದಿನ ಎಡ ಚಕ್ರದಲ್ಲಿ ಬ್ರೇಕ್ ಆಯಿಲ್ ಸೋರ್ತಿದೆ. ಒಳಗಿನ ರಬ್ಬರು ಹೋಗಿದೆ. ತಿಂಗಳಿಂದ ಹೇಳ್ತಾನೇ ಇದೀನಿ. ಒಂದು ದಿನ ಬಿಟ್ಕೊಡಿ, ಬಿಚ್ಚಿ ಹೊಸದು ಹಾಕ್ತೀನಿ.”

“ಒಂದು ದಿನ! ಹದಿನೆಂಟು ಹೆಂಗಸರನ್ನ ನಿನ್ನ ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ ಅವತ್ತು? ಎಂಟಕ್ಕೆ ಗೇಟು ಮುಚ್ತಾರೆ. ಒಂದು ದಿನ ತಪ್ಪಿದ್ರೆ ಕಾರ್ಖಾನೆಯೋರು ಇನ್ನೊಬ್ಬನ ವ್ಯಾನು ಹಿಡೀತಾರೆ.”

“ಕಾರ್ಖಾನೆ ದಾರಿ ಇಳಿಜಾರು ಯಜಮಾನ್ರೆ. ತುಂಬಿದ ಬಸುರಿ ಥರ ಇರತ್ತೆ ವ್ಯಾನು—”

ಅಪ್ಪನ ಕೆನ್ನೆಗೆ ಬಿತ್ತು. ಏಟಿಗೆ ಅವನು ಕಿವಿಗೆ ಸಿಕ್ಕಿಸಿದ್ದ ಬೀಡಿ ಹಾರಿ ನನ್ನ ಬಕೆಟ್ಟಿಗೆ ಬಂದು ಬಿತ್ತು.

“ಪಾಠ ಹೇಳ್ಬೇಡ ಬೋಳಿಮಗನೆ. ಆ ಚಕ್ರದ ಪೈಪು ಮಡಚಿ ಬಡಿ. ಮೂರು ಕಾಲಿನ ನಾಯೀನೂ ಓಡತ್ತೆ.”

ಸೋರುವ ಚಕ್ರಕ್ಕೆ ಹೋಗುವ ಸಣ್ಣ ಪೈಪನ್ನು ಮಡಚಿ ಚಪ್ಪಟೆ ಮಾಡಿದರೆ ಅತ್ತ ಆಯಿಲ್ ಹೋಗುವುದಿಲ್ಲ, ಸೋರುವುದೂ ನಿಲ್ಲುತ್ತದೆ. ಆ ಚಕ್ರಕ್ಕೆ ಬ್ರೇಕ್ ಇರುವುದಿಲ್ಲ, ಉಳಿದ ಮೂರು ಹಿಡಿಯುತ್ತವೆ. ಖಾಲಿ ವ್ಯಾನನ್ನು ಹೇಗೋ ಗ್ಯಾರೇಜಿನವರೆಗೆ ಮುಟ್ಟಿಸಲು ಡ್ರೈವರುಗಳು ಮಾಡುವ ಉಪಾಯ ಅದು. ಜನರನ್ನು ಕೂರಿಸಿಕೊಂಡು ಯಾರೂ ಮಾಡುವುದಿಲ್ಲ.

ಯಜಮಾನ ನನ್ನ ಕಡೆ ತಿರುಗಿದ. “ಏ ಮೂಗಿ, ಹಿಂದಿನ ಎರಡೂ ಚಕ್ರ ಒಳಗೂ ಹೊರಗೂ ಸೋಪು ಹಾಕಿ ತೊಳಿ. ಆ ರೇಡಿಯೋ ಮುಂಡೆ ಬಗ್ಗಿ ನೋಡ್ತಾಳೆ. ಎಣ್ಣೆ ಕಂಡ್ರೆ ಒಬ್ಳೂ ಹತ್ತಲ್ಲ.”

ಅಪ್ಪನ ಬಳಿ ಬಿಟ್ಟು ಬೇರೆಲ್ಲೂ ಬಾಯಿ ಬಿಡದ ನನಗೆ ಎಲ್ಲರೂ ಇಟ್ಟ ಹೆಸರು ಮೂಗಿ. ರೇಡಿಯೋ ಎಂದರೆ ಬಾಟಲಿ ತೊಳೆಯುವ ಕಾರ್ಖಾನೆಯ ಹೆಂಗಸು. ಬಾಯಿ ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲ. ಎರಡು ವರ್ಷದ ಹಿಂದೆ ಬೇರೊಂದು ವ್ಯಾನು ಇಳಿಜಾರಿನಲ್ಲಿ ಬಿದ್ದ ಮೇಲೆ, ಹತ್ತುವ ಮುಂಚೆ ನಾಲ್ಕೂ ಚಕ್ರ ಬಗ್ಗಿ ನೋಡುವ ರೂಢಿ ಮಾಡಿಕೊಂಡಿದ್ದಳು. ಅವಳು ಹೂಂ ಅಂದರೆ ಉಳಿದವರು ಹತ್ತುತ್ತಿದ್ದರು.

ನಾನು ಸೋಪು ಹಾಕಿ ಎರಡೂ ಚಕ್ರ ತೊಳೆದೆ. ನೀರು ಕದಡಿ ಹರಿದು ಮೋರಿಗೆ ಹೋಯಿತು. ಎಡಕ್ಕೂ ಬಲಕ್ಕೂ ಗುರುತು ಉಳಿಯಲಿಲ್ಲ.

ಅಪ್ಪ ಹಿಂದಿನ ಆಕ್ಸಲಿನ ನಡುಮಧ್ಯಕ್ಕೆ ಜಾಕು ಕೊಟ್ಟು ಎತ್ತಿದ. ಆಮೇಲೆ ಎರಡು ಮರದ ದಿಮ್ಮಿ ತಂದು ಎರಡೂ ಬದಿಗೆ ಕೊಡಲು ಹೋದ. ಜಾಕನ್ನು ನಂಬಿ ಕೆಳಗೆ ಹೋಗಬಾರದು, ಅದು ಅಪ್ಪನ ಕಟ್ಟುನಿಟ್ಟು. ಹೆಂಡತಿಯನ್ನು ನಂಬು, ಜಾಕನ್ನು ನಂಬಬೇಡ ಎಂದು ನಗುತ್ತಿದ್ದ. ಯಜಮಾನ ಕಾಲಿನಿಂದ ದಿಮ್ಮಿಯನ್ನು ಒದ್ದ. ಅದು ಉರುಳಿ ಗೋಡೆಗೆ ತಾಗಿತು.

“ಮನೆ ಕಟ್ತೀಯೇನೋ ಇಲ್ಲಿ? ಹೋಗು ಒಳಗೆ.”

ಅಪ್ಪ ಒಮ್ಮೆ ನನ್ನನ್ನು ನೋಡಿದ. ಹಿಂದಿನಿಂದ ಅಂಗಾತ ಜಾರಿಕೊಂಡು ತಲೆ ಮುಂದಕ್ಕೆ ಕೊಟ್ಟು ಒಳಗೆ ಹೋದ. ಮೊಣಕಾಲಿನಿಂದ ಕೆಳಗೆ ಮಾತ್ರ ಹೊರಗಿತ್ತು. ನಾನು ನೆಲಕ್ಕೆ ಕೆನ್ನೆ ಕೊಟ್ಟು ಬ್ಯಾಟರಿ ಟಾರ್ಚು ಹಿಡಿದೆ, ಇಕ್ಕಳ ಕೊಟ್ಟೆ.

ಯಜಮಾನ ಜಾಕಿನ ಸರಳನ್ನು ಅದರ ತಿರುಪಿಗೆ ಸಿಕ್ಕಿಸಿಕೊಂಡು ಕೂತ. ಆ ತಿರುಪು ಸಡಿಲಿಸಿದರೆ ವ್ಯಾನು ಇಳಿಯುತ್ತದೆ.

“ಆಯ್ತೇನೋ?”

“ತುಕ್ಕು ಹಿಡಿದಿದೆ ಯಜಮಾನ್ರೆ, ಎರಡು ನಿಮಿಷ.”

ಕೂದಲೆಳೆಯಷ್ಟು ತಿರುಗಿಸಿದ. ಜಾಕು ಹಾವಿನ ಹಾಗೆ ಬುಸ್ಸೆಂದಿತು. ವ್ಯಾನು ಎರಡು ಬೆರಳಷ್ಟು ಕೆಳಗೆ ಬಂತು. ಅಪ್ಪನ ಕಾಲುಗಳು ನೆಲ ಒದ್ದವು.

“ಎತ್ತಿ ಯಜಮಾನ್ರೆ... ಎದೆ... ಎದೆ ಮೇಲೆ...”

“ಎದೇನಾ? ಇನ್ನೂ ಇದೆಯಾ? ವ್ಯಾನು ಎತ್ತಲ್ಲ ಅಂದ್ಯಲ್ಲ, ಆಗ ಇತ್ತು ನೋಡು ಎದೆ.”

ಅಂಗಾತ ಮಲಗಿ ತಲೆ ಮುಂದಕ್ಕೆ ಕೊಟ್ಟವನಿಗೆ ಎಡ ಬಲ ಅದಲುಬದಲಾಗುತ್ತದೆ. ಅಪ್ಪನಿಗೆ ತಿಳಿಯದ್ದಲ್ಲ. ಆದರೆ ಅವನು ಯಾವಾಗಲೂ ಸೋರಿದ ಕಲೆ ನೋಡಿ ಹಿಡಿಯುತ್ತಿದ್ದ. ಇವತ್ತು ಎರಡೂ ಕಡೆ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಅವನ ಕೈ ತಡವರಿಸಿ ಒಂದು ಪೈಪನ್ನು ಹಿಡಿಯಿತು. ಬ್ಯಾಟರಿಯ ಬೆಳಕಿನಲ್ಲಿ ನನಗೆ ಕಂಡಿತು. ಆ ಪೈಪು ನನ್ನ ಬೆರಳು ಜಾರಿದ ಚಕ್ರಕ್ಕೆ ಹೋಗುತ್ತಿರಲಿಲ್ಲ.

ನಾನು ಬಾಯಿ ತೆರೆದೆ. ಯಜಮಾನ ನನ್ನ ಬಾಯಿಯನ್ನೇ ನೋಡುತ್ತಾ ಸರಳನ್ನು ಇನ್ನೊಂದು ಎಳೆ ತಿರುಗಿಸಿದ. ಒಳಗೆ ಅಪ್ಪನಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಇಕ್ಕಳ ಕಚ್ಚಿತು, ಪೈಪು ಮಡಚಿಕೊಂಡಿತು.

ಯಜಮಾನ ಜಾಕನ್ನು ಮತ್ತೆ ಎತ್ತಿದ ಮೇಲೆ ಅಪ್ಪನನ್ನು ಕಾಲು ಹಿಡಿದು ಹೊರಗೆಳೆದೆ. ಅಂಗಿಯ ಗುಂಡಿಗಳು ಎದೆಯ ಚರ್ಮದೊಳಗೆ ಹೂತಿದ್ದವು. ಕೆಮ್ಮಿ ಕೆಂಪಗೆ ಉಗುಳಿದ. ಬ್ರೇಕಿನ ಡಬ್ಬಿಗೆ ಆಯಿಲ್ ತುಂಬಿಸಿ ಪೆಡಲು ಒತ್ತಿ ನೋಡಿದ. ಗಟ್ಟಿಯಾಗಿ ಬಂತು.

“ಬಂತಲ್ಲ? ಒದೆ ಬಿದ್ರೇನೇ ಕೆಲಸ ಕಲಿಯೋದು ನೀವು,” ಎಂದು ಯಜಮಾನ ತನ್ನ ಕಾರು ಹತ್ತಿದ. ದಿನಾ ವ್ಯಾನಿನ ಹಿಂದೆಯೇ ಬಂದು ಹೆಂಗಸರನ್ನು ಗೇಟಿನೊಳಗೆ ದಾಟಿಸಿ ಹೋಗುವುದು ಅವನ ಪದ್ಧತಿ.

“ಅಪ್ಪಾ,” ಎಂದೆ.

“ಸುಮ್ನಿರವ್ವ. ಉಸಿರಾಡೋಕೂ ಆಗ್ತಿಲ್ಲ. ಈಗೇನೂ ಹೇಳ್ಬೇಡ.”

ನನಗೂ ಅನುಮಾನ ಬಂತು. ಕೆಳಗಿನಿಂದ, ಓರೆಯಾಗಿ ನೋಡಿದ್ದು. ಎಡವನ್ನೇ ಬಲ ಎಂದುಕೊಂಡೆನೋ ಏನೋ. ಪೆಡಲು ಗಟ್ಟಿ ಬಂದಿದೆಯಲ್ಲ. ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಈ ವ್ಯಾನಿನ ಬಾಗಿಲು ಹಿಡಿದವಳು ನಾನು. ಬಾಗಿಲಿನ ಕೊಂಡಿ ಮುರಿದು ವರ್ಷವಾಗಿತ್ತು, ಹಗ್ಗ ಕಟ್ಟಿ ಎಳೆದು ಹಿಡಿದು ನಿಲ್ಲುವುದೇ ನನ್ನ ಕೆಲಸ. ಹಗ್ಗ ಹಿಡಿದು ನಿಂತೆ, ವ್ಯಾನು ಹೊರಟಿತು.

ಹೆಂಗಸರು ಟೀ ಅಂಗಡಿಯ ಪಕ್ಕ ಕಾಯುತ್ತಿದ್ದರು. ಎಲ್ಲರ ಬೆರಳಿಗೂ ಬಟ್ಟೆ ಸುತ್ತಿತ್ತು. ಒಡಕು ಬಾಟಲಿ ಕೊಯ್ದ ಗಾಯ. ರೇಡಿಯೋ ಸೊಂಟಕ್ಕೆ ಕೈ ಕೊಟ್ಟು ಬಗ್ಗಿದಳು.

“ಏನೇ ಮೂಗಿ, ಚಕ್ರಾನ ಮದುವಣಗಿತ್ತಿ ಥರ ಮಾಡಿದೀಯ! ನನ್ನ ಗಂಡನ್ನೂ ಒಂದಿನ ಕಳಿಸ್ತೀನಿ, ಹಿಂಗೇ ತೊಳೆದುಕೊಡು.”

ಎಲ್ಲರೂ ನಕ್ಕರು. ಅವಳು ಎದ್ದು ನನ್ನ ಮುಖ ನೋಡಿದಳು.

“ನಿಮ್ಮಪ್ಪನ ಮುಖ ಯಾಕೆ ಹಂಗಿದೆ? ಎಲ್ಲಾ ಸರಿ ಇದೆ ತಾನೇ? ಡ್ರೈವರ್ ಮಾತು ನಾನು ನಂಬಲ್ಲ. ನೀನು ತಲೆ ಆಡಿಸು, ಹತ್ತೀನಿ.”

ಹಿಂದೆ ಯಜಮಾನನ ಕಾರು ಹಾರ್ನ್ ಹೊಡೆಯಿತು. ಕೈ ತೆಗೆಯದೆ ಒತ್ತಿ ಹಿಡಿದ. ನಾನು ತಲೆ ಆಡಿಸಿದೆ.

ಹನ್ನೆರಡು ಸೀಟಿಗೆ ಹದಿನೆಂಟು ಜನ. ರೇಡಿಯೋ ಬಾಗಿಲಿನ ಪಕ್ಕ, ನನ್ನ ಕಾಲ ಬಳಿ ಕೂತಳು. ಅವಳ ತಂಗಿ ಹಿಂದಿನ ಸೀಟಿನಲ್ಲಿ. ಮೇಲ್ವಿಚಾರಕನ ಬೊಕ್ಕತಲೆಯ ಮೇಲೆ ನೊಣ ಜಾರಿ ಬಿದ್ದ ಕಥೆ ಶುರುವಾಯಿತು. ಇಳಿಜಾರಿನ ಎರಡನೇ ತಿರುವು ದಾಟುವಾಗ ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಪೆಡಲು ನೆಲಕ್ಕೆ ಹೋಯಿತು. ಮತ್ತೆ ಒತ್ತಿದ, ಮತ್ತೆ. ಹಸಿ ಕೆಸರನ್ನು ತುಳಿದ ಹಾಗೆ ಪಾದ ಒಳಗೆ ಹೋಗುತ್ತಿತ್ತು.

“ಹಿಡ್ಕೊಳ್ರವ್ವ!” ಅಪ್ಪ ಅರಚಿದ.

ಗೇರು ಇಳಿಸಿದ. ಇಂಜಿನ್ ಕಿರುಚಿತು. ಹ್ಯಾಂಡ್ ಬ್ರೇಕ್ ಎಳೆದ, ವ್ಯಾನು ಸೊಂಟ ತಿರುಗಿಸಿ ಅಡ್ಡ ಸರಿಯಿತು. ಕೆಳಗೆ ಗೇಟಿನ ಮುಂದೆ ಬೇರೆ ಊರಿನ ಹೆಂಗಸರ ಸಾಲು ನಿಂತಿತ್ತು, ಕೆಲವರು ನಮ್ಮತ್ತ ಕೈ ಬೀಸಿದರು. ಅಪ್ಪ ಸ್ಟೇರಿಂಗನ್ನು ಎದೆಗೆ ಅವುಚಿಕೊಂಡು ಪೂರ್ತಿ ತಿರುಗಿಸಿದ. ಗೇಟಿನ ಪಕ್ಕ ಒಡಕು ಗಾಜಿನ ಗುಡ್ಡೆ, ಆಳೆತ್ತರ. ವ್ಯಾನು ಅದನ್ನು ಹತ್ತಿ ಮಗುಚಿತು.

ಹಗ್ಗ ನನ್ನ ಅಂಗೈ ಚರ್ಮವನ್ನು ಕಿತ್ತುಕೊಂಡು ಹೋಯಿತು. ಬಾಗಿಲು ತೆರೆದುಕೊಂಡಿತು. ರೇಡಿಯೋ ಮಾತಿನ ನಡುವೆಯೇ ಹೊರಗೆ ಹೋದಳು.

ಕಿಟಕಿಯಿಂದ ತೆವಳಿ ಬಂದೆ. ಹಸಿರು, ಕಂದು, ಬಿಳಿ ಗಾಜು, ಎಲ್ಲದರ ಮೇಲೂ ರಕ್ತ. ಒಬ್ಬಳು ತನ್ನ ಕಿವಿಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಅಪ್ಪ ಮುಂದಿನ ಗಾಜಿನ ತೂತಿನಿಂದ ಹೊರಬಿದ್ದ, ಹಣೆಯ ಚರ್ಮ ಕಣ್ಣಿನ ಮೇಲೆ ಜೋತಿತ್ತು. ರೇಡಿಯೋ ಗುಡ್ಡೆಯ ಬುಡದಲ್ಲಿದ್ದಳು. ತೊಡೆಯೊಳಗೆ ಬಾಟಲಿಯ ತಳ ಅರ್ಧ ಇಳಿದಿತ್ತು. ಅದರ ಸುತ್ತ ರಕ್ತ ಊಟೆಯಂತೆ ಉಕ್ಕುತ್ತಿತ್ತು. ಬಾಯಿ ಅಲುಗುತ್ತಿತ್ತು, ಸದ್ದಿರಲಿಲ್ಲ. ಅವಳ ತಂಗಿ ಮೈಮೇಲಿನ ಬಟ್ಟೆ ಹರಿದು ತೊಡೆಗೆ ಬಿಗಿದಳು. ಬಟ್ಟೆ ಕ್ಷಣದಲ್ಲಿ ತೊಯ್ದಿತು.

ಯಜಮಾನ ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದು ಬಂದ. ಬಿದ್ದವರನ್ನು ನೋಡದೆ ವ್ಯಾನಿನ ಹೊಟ್ಟೆಯ ಕಡೆ ಹೋದ. ಸತ್ತ ಎಮ್ಮೆಯ ಹಾಗೆ ಅದು ಹೊಟ್ಟೆ ತೋರಿಸಿ ಮಲಗಿತ್ತು. ಎಡ ಚಕ್ರದ ಒಳಗಿನಿಂದ ಎಣ್ಣೆ ಸುರಿಯುತ್ತಿತ್ತು. ಬಲಗಡೆಯ ಪೈಪು ಚಪ್ಪಟೆಯಾಗಿ ಮಡಚಿಕೊಂಡಿತ್ತು.

“ನೋಡ್ರೇ, ಎಲ್ಲಾ ಬಂದು ನೋಡ್ರೇ!” ಅವನ ದನಿಯಲ್ಲಿ ಖುಷಿ ಇತ್ತು. “ಸೋರೋದು ಎಡ, ಈ ಕುರುಡು ನನ್ಮಗ ಮಡಚಿರೋದು ಬಲ! ನಿಮ್ಮನ್ನ ಸಾಯಿಸೋಕೆ ಹೊರಟೋನು ಇವನು. ಕೇಳಿ ಅವನನ್ನೇ, ಯಾರು ಮಡಚಿದ್ದು ಅಂತ.”

“ನಾನೇ,” ಎಂದ ಅಪ್ಪ. “ನಾನೇ ಮಡಚಿದ್ದು.”

ರೇಡಿಯೋಳ ತಂಗಿ ಎದ್ದಳು. ಅಪ್ಪನ ಕೆನ್ನೆಗೆ ಹೊಡೆದಳು, ಎದೆಗೆ ಗುದ್ದಿದಳು. ಅಪ್ಪ ಕೈ ಎತ್ತಲಿಲ್ಲ. ಅವಳು ಬಗ್ಗಿ ಬಾಟಲಿಯ ಕುತ್ತಿಗೆಯೊಂದನ್ನು ಎತ್ತಿಕೊಂಡಳು. ಯಾರೂ ತಡೆಯಲಿಲ್ಲ. ಯಜಮಾನ ಕೈಕಟ್ಟಿ ನಿಂತಿದ್ದ.

“ಅಪ್ಪ ಕೆಳಗಿದ್ದ,” ಎಂದೆ.

ಎಲ್ಲರೂ ತಿರುಗಿದರು. ನನ್ನ ದನಿ ನನಗೇ ಹೊಸದಾಗಿತ್ತು.

“ಅಪ್ಪ ಕೆಳಗಿದ್ದ, ಇವನು ಮೇಲಿಂದ ಜಾಕು ಇಳಿಸ್ತಿದ್ದ. ಎದೆ ಮೇಲೆ. ದಿಮ್ಮಿ ಒದ್ದು ತೆಗೆದ. ಚಕ್ರ ತೊಳಿ, ಎಣ್ಣೆ ಕಂಡ್ರೆ ರೇಡಿಯೋ ಹತ್ತಲ್ಲ ಅಂದ. ನಾನು ತೊಳೆದೆ. ತಪ್ಪು ಪೈಪು ಅಂತ ನಂಗೆ ಕಾಣ್ತು. ನಾನು ಹೇಳ್ಲಿಲ್ಲ. ಅವಳು ಕೇಳಿದ್ಲು, ತಲೆ ಆಡಿಸಿದೆ.”

ತಂಗಿ ಅಪ್ಪನ ಅಂಗಿಯನ್ನು ಮೇಲೆತ್ತಿ ನೋಡಿದಳು. ಎದೆಗೆ ಅಡ್ಡವಾಗಿ ಕಪ್ಪು ಪಟ್ಟೆ ಇತ್ತು, ಆಕ್ಸಲಿನಷ್ಟೇ ಅಗಲ.

“ಮೂಗಿಗೆ ಮಾತು ಬಂತಲ್ಲಪ್ಪ!” ಯಜಮಾನ ನಕ್ಕ. ಯಾರೂ ನಗಲಿಲ್ಲ.

“ಯಜಮಾನ್ರೆ, ಅದು ಆಮೇಲೆ,” ಅಪ್ಪ ಕೈ ಮುಗಿದ. “ಇವಳನ್ನ ಕಾರಲ್ಲಿ ಹಾಕಿ. ಕಾಲು ಗಂಟೆ ದಾರಿ ಆಸ್ಪತ್ರೆ. ಇಲ್ಲಾಂದ್ರೆ ಉಳಿಯಲ್ಲ.”

“ಸೀಟೆಲ್ಲಾ ರಕ್ತ ಮಾಡ್ಸಕ್ಕಾ? ಫೋನ್ ಮಾಡಿದೀನಿ, ಗಾಡಿ ಬರತ್ತೆ.” ಅವನು ಫೋನು ಜೇಬಿನಿಂದ ತೆಗೆದದ್ದನ್ನೇ ನಾನು ಕಂಡಿರಲಿಲ್ಲ. ಕಾರಿನ ಕಡೆ ಹೊರಟವನು ನನ್ನ ಪಕ್ಕ ಬಂದಾಗ ನಿಂತು ನನ್ನ ಕೂದಲು ಹಿಡಿದ. “ನಿಂಗಿದೆ ಲೌಡಿ. ನಾಲಿಗೆ ಬಂದಿದೆ ಅಲ್ವಾ, ಇಕ್ಕಳದಲ್ಲೇ ಕೀಳ್ತೀನಿ.”

ವ್ಯಾನಿನಿಂದ ಚೆಲ್ಲಿದ ಸಾಮಾನಿನಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರು ಕಾಲಿಗೆ ತಾಗಿತು. ಬಗ್ಗಿ ಎತ್ತಿದೆ. ಕೂದಲು ಅವನ ಮುಷ್ಟಿಯಲ್ಲೇ ಉಳಿಯಿತು. ಮೊಣಕಾಲಿಗೆ ಬೀಸಿದೆ. ಒಣ ಕಟ್ಟಿಗೆ ಮುರಿದ ಸದ್ದು. ಅವನು ಗಾಜಿನ ಮೇಲೆ ಕುಸಿದ. ಇನ್ನೊಮ್ಮೆ ಬೀಸಿದೆ, ಜಾಕಿನ ಸರಳು ತಿರುಗಿಸಿದ ಕೈಗೆ. ಮೂರನೆಯದಕ್ಕೆ ಅಪ್ಪ ನನ್ನ ತೋಳು ಹಿಡಿದ.

ರೇಡಿಯೋಳ ತಂಗಿ ಕಲ್ಲೊಂದನ್ನು ಎತ್ತಿ ಕಾರಿನ ಹಿಂದಿನ ಕಿಟಕಿಗೆ ಹಾಕಿ ಒಳಗೆ ಕೈ ತೂರಿಸಿ ಬಾಗಿಲು ತೆಗೆದಳು. ನಾಲ್ವರು ರೇಡಿಯೋಳನ್ನು ಹೊತ್ತು ಬಿಳಿ ಸೀಟಿನ ಮೇಲೆ ಮಲಗಿಸಿದರು. ಅಪ್ಪ ಕಣ್ಣಿನ ಮೇಲಿನ ಚರ್ಮವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಸ್ಟೇರಿಂಗಿನ ಮುಂದೆ ಕೂತ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ಯಜಮಾನನ ಸುತ್ತ ನಿಂತರು. ಗೇಟಿನ ಸಾಲಿನವರೂ ಬಂದರು. ಕಾವಲಿನವನು ಗೇಟು ಅರ್ಧ ಮುಚ್ಚಿದವನು ಹಾಗೇ ನಿಂತ.

ಯಜಮಾನನ ಉಳಿದ ಕೈ ಜೇಬಿನ ಮೇಲೆ ಬಿಗಿಯಾಗಿತ್ತು. ಅವನ ಕಣ್ಣು ಸುತ್ತಲಿನ ಕಾಲುಗಳನ್ನು ನೋಡುತ್ತಿತ್ತು. ಕಾರಿನ ಬಾಗಿಲ ಅಂಚಿನಿಂದ ರಕ್ತ ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು.

ಸ್ಪ್ಯಾನರನ್ನು ಎಡಗೈಗೆ ಬದಲಿಸಿ, ಚರ್ಮ ಸುಲಿದ ಬಲಗೈಯನ್ನು ಅವನ ಮುಂದೆ ಚಾಚಿದೆ.

“ಯಜಮಾನ್ರೆ, ಕೀ ಕೊಡಿ.”