ಪಕ್ಕೆಲುಬು ಬೇಯಿಸುವ ಮೂರು ಬಗೆ, ಜೊತೆಗೊಂದು ಏಣಿ

ಎಲ್ಲಿಂದ ಶುರು ಮಾಡೋಣ ಹೇಳಿ. ಮಾಂಸದ ಅಂಗಡಿಯಿಂದ ಶುರು ಮಾಡಿದರೆ ಅರ್ಧ ಓದುಗರು ಮೂಗು ಮುಚ್ಚಿಕೊಂಡು ಪುಟ ತಿರುಗಿಸುತ್ತಾರೆ. ಅಡುಗೆಮನೆಯಿಂದ ಶುರು ಮಾಡಿದರೆ ಉಳಿದರ್ಧ ಓದುಗರು ಉಪ್ಪೆಷ್ಟು ಖಾರವೆಷ್ಟು ಎಂದು ಪೀಡಿಸುತ್ತಾರೆ. ಆಸ್ಪತ್ರೆಯಿಂದ ಶುರು ಮಾಡಿದರೆ ಯಾರು ಸಾಯುತ್ತಾರೋ ಎಂದು ಕಾಯುತ್ತಾ ಕೂರುತ್ತೀರಿ. (ಯಾರೂ ಸಾಯುವುದಿಲ್ಲ. ಕುರಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.)

ನಾನು ಬರೆಯಲು ಕೂತದ್ದು ಒಂದು ಸಾದಾ ಲೇಖನ. ಮನೆಯಲ್ಲಿ ಪಕ್ಕೆಲುಬು ಬೇಯಿಸುವ ವಿಧಾನಗಳ ಹೋಲಿಕೆ. ಓವನ್ನು, ಕುಕ್ಕರು, ಕೆಂಡ, ಯಾವುದು ವಾಸಿ. ಬರೆದು, ಕಳಿಸಿ, ಕೈ ತೊಳೆದುಕೊಳ್ಳುವಂಥದ್ದು.

೧. (ಹೊಡೆದು ಹಾಕಿದ್ದು)

"ಪಕ್ಕೆಲುಬಿನ ಮಾಂಸವು ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದನ್ನು ನಿಧಾನವಾಗಿ ಬೇಯಿಸುವುದು ಸೂಕ್ತ."

ಓದಿ ನನಗೇ ಆಕಳಿಕೆ ಬಂತು.

೨. (ಇದನ್ನೂ)

"ಆಕೆ ದಿನವಿಡೀ ಪಕ್ಕೆಲುಬುಗಳನ್ನೇ ನೋಡುತ್ತಿದ್ದಳು."

ಇದು ಪರವಾಗಿಲ್ಲ ಅನ್ನಿಸಿತು. ಆಕೆ ಆಸ್ಪತ್ರೆಯ ಎಕ್ಸ್‌ರೇ ಟೆಕ್ನಿಷಿಯನ್ನು. ಮೀಸೆ ತಿರುವಿಕೊಳ್ಳುವಷ್ಟರಲ್ಲಿ ಆಕೆಯೇ ಎದುರಿಗೆ ಬಂದು ನಿಂತಳು.

"ಪಕ್ಕೆಲುಬೇ ಯಾಕೆ ಸಾರ್, ಮೊಣಕಾಲು, ಮೊಣಕೈ, ಮಕ್ಕಳು ನುಂಗಿದ ಕಾಯಿನ್ನು, ಎಲ್ಲಾನೂ ನೋಡ್ತೀನಿ. ಸುಮ್ನೆ ಬಿಲ್ಡಪ್ ಬೇಡ. ಏಣಿಯಿಂದ ಶುರು ಮಾಡಿ."

೩. ಸರಿ, ಏಣಿ

ಆಕೆಯ ಗಂಡ ಡ್ರೈವಿಂಗ್ ಸ್ಕೂಲಿನ ಮಾಸ್ಟರು. ಇಡೀ ದಿನ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿನ ಹೆಚ್ಚುವರಿ ಬ್ರೇಕನ್ನು ತುಳಿಯುವುದೇ ಅವನ ಕಸುಬು. ಜಗತ್ತಿನಲ್ಲಿ ತನ್ನ ಕಾಲನ್ನು ಬಿಟ್ಟರೆ ಬೇರೆ ಯಾವುದನ್ನೂ ನಂಬದ ಮನುಷ್ಯ. ಅಂಥವನು ಒಂದು ಸಂಜೆ ಬಾಗಿಲ ಮೇಲಿನ ಬಲ್ಬು ಬದಲಾಯಿಸಲು ಏಣಿ ಹತ್ತಿದ. ಏಣಿ ಹಿಡಿದುಕೊಂಡಿದ್ದವನು ಆಕೆಯ ತಮ್ಮ. ಏಸಿ ಮೆಕ್ಯಾನಿಕ್ಕು. ದೊಡ್ಡ ದೊಡ್ಡ ಕಟ್ಟಡಗಳ ಹೊರಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ಕೆಲಸ ಮಾಡುವವನು. ಏಣಿ ಹಿಡಿಯಲು ಅವನಿಗಿಂತ ಯೋಗ್ಯ ಇನ್ನಾರು.

ಏಣಿ ಜಾರಿತು. ಮಾಸ್ಟರು ಹೂವಿನ ಕುಂಡದ ಅಂಚಿನ ಮೇಲೆ ಬಿದ್ದ.

"ಫೋನ್ ಬಂತು ಭಾವ," ಅಂದ ತಮ್ಮ. "ಒಂದೇ ಒಂದು ಕ್ಷಣ ಕೈ ಬಿಟ್ಟೆ."

ಆಸ್ಪತ್ರೆಯಲ್ಲಿ ಅವತ್ತು ಆಕೆಯದೇ ಡ್ಯೂಟಿ. ಗಂಡನನ್ನು ಯಂತ್ರದ ಮುಂದೆ ನಿಲ್ಲಿಸಿ, ದಿನವೂ ಎಲ್ಲರಿಗೂ ಹೇಳುವುದನ್ನೇ ಹೇಳಿದಳು: "ಉಸಿರು ಒಳಗೆ ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ."

"ನಿನ್ನ ತಮ್ಮ ಏಣಿ ಹಿಡ್ಕೊಂಡ ಹಾಗಾ?"

ಬಲಗಡೆ ಪಕ್ಕೆಲುಬು ಬಿರುಕು ಬಿಟ್ಟಿತ್ತು.

೪.

ಬಿರುಕು ಬಿಟ್ಟ ಪಕ್ಕೆಗೆ ಕಟ್ಟು ಹಾಕಲು ಬರುವುದಿಲ್ಲ. ನಗುವಂತಿಲ್ಲ, ಸೀನುವಂತಿಲ್ಲ. ಮಾಸ್ಟರು ಮೊದಲೇ ನಗುವ ಪೈಕಿ ಅಲ್ಲ, ಆದರೆ ನಗು ಕೈತಪ್ಪಿ ಹೋದ ಮೇಲೆ ಅದು ತನ್ನ ಜನ್ಮಸಿದ್ಧ ಹಕ್ಕಾಗಿತ್ತು ಎನ್ನುವ ಹಾಗೆ ಮುಖ ಊದಿಸಿಕೊಂಡ. ಭಾಮೈದನ ಜೊತೆ ಮಾತು ನಿಲ್ಲಿಸಿದ. ಅವನಿಗೆ "ಹಲೋ" ಎಂದು ಅಡ್ಡಹೆಸರಿಟ್ಟ.

"ನಿಮ್ಮ ಹಲೋ ಬಂದಿದ್ನಾ?" "ಈ ಚಪ್ಪಲಿ ಹಲೋದಾ?"

ತಮ್ಮ ಬರುವುದೇ ಬಿಟ್ಟ. ಪಕ್ಕೆ ಕೂಡಿಕೊಂಡಿತು. ಮಾತು ಕೂಡಿಕೊಳ್ಳಲಿಲ್ಲ.

ಎಕ್ಸ್‌ರೇ ಅಕ್ಕ ತಿಂಗಳುಗಟ್ಟಲೆ ತಾಳಿಕೊಂಡಳು. ಆಮೇಲೆ ಚಾಡಿ ಹೇಳಲು ಶುರು ಮಾಡಿದಳು. ಮನೆಗೆ ಹೊಸ ಓವನ್ನು ಬಂದಿತ್ತು, ಮಾಸ್ಟರು ಅದನ್ನು ತೊಟ್ಟಿಲ ಕೂಸಿನಂತೆ ಒರೆಸಿ ಇಟ್ಟುಕೊಂಡಿದ್ದ. ತಮ್ಮನಿಗೆ ಫೋನ್ ಮಾಡಿದಳು: "ಕೆಂಡದ ಮೇಲೆ ಮಾಂಸ ಸುಡೋದು ತಿಳಿಗೇಡಿಗಳ ಕೆಲಸ ಅಂತಾರೆ ಕಣೋ ನಿಮ್ಮ ಭಾವ." ಗಂಡನಿಗೆ ಅನ್ನ ಬಡಿಸುತ್ತಾ ಅಂದಳು: "ಓವನ್ನಲ್ಲಿ ಮಾಂಸ ಬೇಯಲ್ಲ ರೀ, ಬರೀ ಬೆವರುತ್ತೆ ಅಂತೆ. ನಮ್ಮವನು ಹೇಳ್ತಿದ್ದ."

ಮಾಸ್ಟರ ತುತ್ತು ಅರ್ಧಕ್ಕೇ ನಿಂತಿತು. "ಹಲೋ ಹಾಗಂದ್ನಾ? ಕರಿ ಅವನನ್ನ. ಭಾನುವಾರ ಬರಕ್ಕೆ ಹೇಳು."

(ಇದು ಸುಳ್ಳಲ್ಲವೇ ಎಂದು ನಾನು ಆಕೆಯನ್ನು ಕೇಳಿದೆ. "ನೀವು ದಿನಾ ಮಾಡ್ತಿರೋದೇನು ಸಾರ್?" ಅಂದಳು. ಮುಂದಕ್ಕೆ ಹೋಗೋಣ.)

೫. ಲೇಖನ, ಕೊನೆಗೂ

ಭಾನುವಾರ. ಮೂರು ಪಾಲು ಪಕ್ಕೆ, ಮೂಳೆ ಕಡಿಯದೆ ಇಡಿಯಾಗಿ ತಂದದ್ದು. ಮೂರು ಪಾಲೇಕೆಂದರೆ ಮನೆಯಲ್ಲಿ ಅತ್ತೆಯೂ ಇದ್ದಾರೆ. ಮಾಸ್ಟರ ತಾಯಿ, ರಿಟೈರಾದ ಪೀಟಿ ಟೀಚರು. ಜೀವಮಾನವಿಡೀ ಸೀಟಿ ಊದಿ ಕೆಲಸ ತೆಗೆದವರು. ತಾನಾಗಿಯೇ ಸೀಟಿ ಊದುವ ಕುಕ್ಕರನ್ನು ಬಿಟ್ಟು ಬೇರೆ ಪಾತ್ರೆಗೆ ಅವರು ಮರ್ಯಾದೆ ಕೊಡುವುದಿಲ್ಲ.

ಮೊದಲು ಮೂಳೆಯ ಹಿಂಬದಿಯ ಬಿಳಿ ಪೊರೆ ಕೀಳಬೇಕು. ಅದು ಕೈಗೆ ಸಿಗುವುದಿಲ್ಲ, ಜಾರುತ್ತದೆ. ಒಣಬಟ್ಟೆಯ ಚುಂಗಿನಲ್ಲಿ ಹಿಡಿದು ಎಳೆದರೆ ಪರಪರ ಎಂದು ಬರುತ್ತದೆ. ಆಮೇಲೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ, ಚೂರು ಸಕ್ಕರೆ. ಇಲ್ಲಿಯವರೆಗೆ ಮೂವರದ್ದೂ ಒಂದೇ ದಾರಿ.

ಓವನ್ನು: ಫಾಯಿಲಿನಲ್ಲಿ ಸುತ್ತಿ ಸಣ್ಣ ಉರಿಗೆ ಇಟ್ಟು, ಮರೆತುಬಿಡಬೇಕು. ಮಾಸ್ಟರಿಗೆ ಮರೆಯಲು ಬರುವುದಿಲ್ಲ. ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಕಾಲ ಕೆಳಗೆ ಬ್ರೇಕು ಇದ್ದಿದ್ದರೆ ತುಳಿಯುತ್ತಿದ್ದ. ಈ ಬಗೆಯಲ್ಲಿ ಮಾಂಸ ಮೂಳೆಯಿಂದ ತಾನೇ ಕಳಚಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಕಡೆಯಲ್ಲಿ ಫಾಯಿಲು ಬಿಚ್ಚಿ ಕೆಂಪಗೆ ಮಾಡದಿದ್ದರೆ ಆಸ್ಪತ್ರೆ ಊಟದ ಹಾಗೆ ಇರುತ್ತದೆ.

ಕುಕ್ಕರು: ಬೇಗ. ರಸ ಸಿಗುತ್ತದೆ. ಆದರೆ ಘಮವೆಲ್ಲ ಸೀಟಿಯ ಜೊತೆ ಅಕ್ಕಪಕ್ಕದವರ ಪಾಲು. ಅತ್ತೆ ಇದನ್ನು ದೋಷವೆಂದು ಒಪ್ಪುವುದಿಲ್ಲ. "ಅವರೂ ಒಂಚೂರು ಹೊಟ್ಟೆ ಉರ್ಕೊಳ್ಳಲಿ ಬಿಡಮ್ಮ."

ಕೆಂಡ: ಇದ್ದಿಲ ಚೀಲವನ್ನು ಟೆರೇಸಿಗೆ ಹೊತ್ತವನು ತಮ್ಮ. ಹೊಗೆಯ ರುಚಿ ಬೇರೆ ಯಾವುದಕ್ಕೂ ಬರುವುದಿಲ್ಲ, ನಿಜ. ಆದರೆ ಕೆಂಡ ಹೇಳಿದ ಮಾತು ಕೇಳುವುದಿಲ್ಲ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಮಗುಚುತ್ತಲೇ ಇರಬೇಕು.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಕ್ಸ್‌ರೇ ಅಕ್ಕ ತಟ್ಟೆ, ಇಕ್ಕಳ ಕೊಡಲು ಟೆರೇಸಿಗೆ ಹೋದಳು.

೬.

ನೋವಿರುವವರು ಹೇಗೆ ನಡೆಯುತ್ತಾರೆ ಎಂಬುದನ್ನು ಆಕೆ ದಿನವೂ ನೋಡುತ್ತಾಳೆ. ನೋವನ್ನು ಮುಚ್ಚಿಟ್ಟುಕೊಂಡವರು ಹೇಗೆ ನಡೆಯುತ್ತಾರೆ ಎಂಬುದನ್ನೂ. ಟೆರೇಸಿನ ನಟ್ಟನಡುವೆ ಒಲೆ ಹೂಡಿದ್ದ ತಮ್ಮ. ಗಾಳಿ ಮರೆ ಸಿಗುತ್ತಿದ್ದದ್ದು ಗೋಡೆಯ ಅಂಚಿನಲ್ಲಿ, ಅಲ್ಲಿಗೆ ಹೋಗಿರಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ. ಆಕೆ ಕರೆದಾಗ ಕತ್ತು ತಿರುಗಿಸಲಿಲ್ಲ, ಇಡೀ ಮೈಯನ್ನು ಸ್ಟೂಲಿನ ಸಮೇತ ತಿರುಗಿಸಿದ.

"ಕತ್ತು ಹಿಡ್ಕೊಂಡಿದ್ಯೇನೋ?"

"ಇಲ್ಲಕ್ಕ. ಹೊಗೆ."

ಅಷ್ಟರಲ್ಲಿ ಮಾಸ್ಟರು ಮೇಲೆ ಬಂದ. ಓವನ್ನನ್ನು ತಾಯಿಯ ಸುಪರ್ದಿಗೆ ಕೊಟ್ಟು, ಎದುರಾಳಿಯನ್ನು ಹೀಯಾಳಿಸಲೆಂದೇ ಬಂದದ್ದು. ತಿಂಗಳುಗಳ ನಂತರದ ಮೊದಲ ನೇರ ಮಾತು ಇದು:

"ಏನಪ್ಪಾ ಹಲೋ, ಬೆಂಕಿ ಮುಂದೆ ತಪಸ್ಸಾ? ಆ ಟ್ಯಾಂಕಿನ ಮುಚ್ಚಳ ನೋಡು, ಗಾಳಿಗೆ ಹಾರೋ ಹಾಗಿದೆ. ಮೇಲೆ ಹತ್ತೋದು ನಿನ್ನ ಕಸುಬಲ್ವಾ, ಸರಿ ಮಾಡ್ಬಾರ್ದಾ?"

ತಮ್ಮ ಎದ್ದು ನಿಂತ. ತಲೆ ಎತ್ತಿ ಟ್ಯಾಂಕಿನ ಕಡೆ ನೋಡಿದ.

ಅವನ ಕಣ್ಣು ಪಕ್ಕಕ್ಕೆ ಜಾರಿತು, ಆಮೇಲೆ ಕಾಲು. ಬೀಳುತ್ತಾ ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಭಾವನ ಅಂಗಿ. ಮಾಸ್ಟರು ಅವನನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದು, ಕೆಂಡದಿಂದ ದೂರಕ್ಕೆ ಎಳೆದುಕೊಂಡು, ತಾನೂ ಕೂತುಬಿಟ್ಟ. ಪಕ್ಕೆ ಚುಳ್ಳೆಂದಿರಬೇಕು, ಮುಖ ಬಿಳುಚಿತು. ಕೈ ಬಿಡಲಿಲ್ಲ.

(ಬಿದ್ದವನೇ ಬೀಳಿಸಿದವನನ್ನು ಹಿಡಿದ. ಇಷ್ಟು ಅಚ್ಚುಕಟ್ಟು ನನಗೂ ಮುಜುಗರ. ಎರಡು ಸಲ ಬೇರೆ ಥರ ಬರೆದು ನೋಡಿದೆ. ಒಂದರಲ್ಲಿ ತಮ್ಮ ಇದ್ದಿಲ ಚೀಲದ ಮೇಲೆ ಬಿದ್ದ, ಇನ್ನೊಂದರಲ್ಲಿ ಅಕ್ಕ ಹಿಡಿದಳು. "ಹಿಡಿದಿದ್ದು ನಾನು," ಅಂದ ಮಾಸ್ಟರು. "ಬರೆಯೋದಾದ್ರೆ ಸರಿಯಾಗಿ ಬರೀರಿ.")

೭.

ಕೆಂಡದ ಮೇಲಿನ ಪಕ್ಕೆ ಒಂದು ಕಡೆ ಸೀಯುತ್ತಿತ್ತು.

"ಅವತ್ತು ಫೋನ್ ಬಂದಿರ್ಲಿಲ್ಲ ಭಾವ," ಅಂದ ತಮ್ಮ, ಕಣ್ಣು ಮುಚ್ಚಿಕೊಂಡೇ. "ಏಣಿ ಹಿಡ್ಕೊಂಡು, ನೀವು ಎಷ್ಟು ಮೇಲೆ ಹೋದ್ರಿ ಅಂತ ತಲೆ ಎತ್ತಿದೆ. ಎಲ್ಲಾ ಗಿರ್ರಂತ ತಿರುಗ್ತು. ಕಣ್ಣು ಬಿಟ್ಟಾಗ ನೀವು ಕೆಳಗಿದ್ರಿ."

"ಮತ್ತೆ ಫೋನ್ ಅಂತ ಯಾಕಂದೆ?"

"ಗೋಡೆ ಮೇಲೆ ಕೆಲಸ ಮಾಡೋನಿಗೆ ತಲೆ ತಿರುಗುತ್ತೆ ಅಂದ್ರೆ ಯಾರು ಕರೀತಾರೆ? ಬೇಜವಾಬ್ದಾರಿ ಅನ್ನಿಸ್ಕೊಂಡ್ರೆ ಬೈತಾರೆ ಅಷ್ಟೆ. ಕೆಲಸಕ್ಕೆ ಬರಬೇಡ ಅನ್ನಲ್ಲ."

ಮಾಸ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಅಂದ್ರೆ ನಾನು ಇಷ್ಟು ತಿಂಗಳು ಬೈದಿದ್ದೆಲ್ಲಾ ತಪ್ಪು ವಿಷಯಕ್ಕಾ?"

"ಹೂಂ."

"ಅಷ್ಟೂ ಬೈಗುಳ ವೇಸ್ಟು ಮಾಡಿಸ್ದಲ್ಲೋ."

ಅಕ್ಕನಿಗೆ ಬೈಗುಳದ ಚಿಂತೆ ಇರಲಿಲ್ಲ. "ಈಗಲೂ ಹೋಗ್ತಿದ್ದೀಯಾ? ಆ ಗೋಡೆಗಳ ಮೇಲೆ?"

"ಬೆಲ್ಟ್ ಹಾಕ್ಕೋತೀನಕ್ಕ."

"ನಾನು ಕೇಳಿದ್ದು ಬೆಲ್ಟ್ ಬಗ್ಗೆ ಅಲ್ಲ."

ನಾಳೆ ಬೆಳಿಗ್ಗೆ ಹೋಗಬೇಕಿತ್ತಂತೆ, ಯಾವುದೋ ಆಫೀಸಿನ ಕಟ್ಟಡ. ಎಷ್ಟನೇ ಮಹಡಿ ಎಂದು ಆಕೆ ಕೇಳಲಿಲ್ಲ. ಅವನ ಅಂಗೈ ಮಸಿಯನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ಹೋಗದ ಮಸಿಯನ್ನು ಒರೆಸುತ್ತಲೇ ಇದ್ದಳು. ಬೇರೆಯವರ ಎದೆಯ ಒಳಗನ್ನು ಕೂತಲ್ಲೇ ನೋಡುವವಳು ತಾನು. ಸ್ವಂತ ತಮ್ಮ ತಲೆ ಎತ್ತಲು ಹೆದರುತ್ತಿದ್ದದ್ದು ಕಂಡಿರಲಿಲ್ಲ. ಅವನು ಬರುವುದನ್ನು ಬಿಟ್ಟಾಗ ರೋಷ ಅಂದುಕೊಂಡಿದ್ದಳು.

ಇಲ್ಲಿ ತಮ್ಮ ನನ್ನ ಕಡೆ ತಿರುಗಿದ, ಇಡೀ ಮೈಯನ್ನು ತಿರುಗಿಸಿ. "ಸಾರ್, ಈ ಪ್ಯಾರಾ ತೆಗೀರಿ. ನಮ್ಮ ಓನರ್ ಓದಿದ್ರೆ ನನ್ನ ಕಥೆ ಮುಗೀತು. ಫೋನ್ ಬಂತು ಅಂತಲೇ ಇರ್ಲಿ. ನಿಮಗೂ ತಮಾಷೆ ಲೇಖನ ತಾನೇ ಬೇಕಿರೋದು?"

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಅದೇ. ಅಳಿಸಲು ಬೆರಳನ್ನೂ ಇಟ್ಟೆ.

"ತೆಗೆದ್ರೆ ನಾನೂ ಹೊರಗೆ ಹೋಗ್ತೀನಿ," ಅಂದಳು ಅಕ್ಕ. "ಆಮೇಲೆ ಕುಕ್ಕರ್ ಬಗ್ಗೆ ನೀವೊಬ್ಬರೇ ಬರ್ಕೊಳ್ಳಿ."

ಅದಕ್ಕೇ ಇದು ಉಳಿದಿದೆ.

೮. ತೀರ್ಪು

ಕೆಳಗಿಂದ ಅತ್ತೆಯ ಸೀಟಿ ಕೇಳಿಸಿತು. ಕುಕ್ಕರಿನದಲ್ಲ, ನಿಜವಾದ ಸೀಟಿ, ಇನ್ನೂ ಇಟ್ಟುಕೊಂಡಿದ್ದಾರೆ. ಮೂವರೂ ಸಾಲಾಗಿ ಇಳಿದರು, ತಮ್ಮನನ್ನು ನಡುವೆ ಇಟ್ಟುಕೊಂಡು. ನಡೆದದ್ದನ್ನು ಮಾಸ್ಟರೇ ಹೇಳಿದ. ಅತ್ತೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

"ಮೊದ್ಲೇ ಬಾಯಿ ಬಿಡಕ್ಕೆ ಏನಾಗಿತ್ತು ದಾಡಿ? ಕೂತ್ಕೋ. ಉಣ್ಣು."

ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿಯಾಗಿದ್ದ ಕೆಂಡದ ಪಕ್ಕೆಯನ್ನು ಅವರು ಕರಕಲು ಕೆರೆದು, ಕುಕ್ಕರಿನ ರಸಕ್ಕೆ ಹಾಕಿ ಮತ್ತೆ ಬೇಯಿಸಿದರು. ಓವನ್ನಿನದು ಮೆತ್ತಗಿತ್ತು, ಕುಕ್ಕರಿನದು ಖಾರವಾಗಿತ್ತು, ಈ ಎರಡನೇ ಸಲ ಬೆಂದದ್ದಕ್ಕೆ ಹೊಗೆಯೂ ರಸವೂ ಎರಡೂ ಇತ್ತು. ಎಲ್ಲರೂ ಅದನ್ನೇ ಎರಡೆರಡು ಸಲ ಹಾಕಿಸಿಕೊಂಡರು. (ಇದನ್ನು ಸಂಸಾರದ ರೂಪಕ ಮಾಡಿ ಭೇಷ್ ಅನ್ನಿಸಿಕೊಳ್ಳಬಹುದಿತ್ತು. ಮಾಡುವುದಿಲ್ಲ. ರುಚಿಯಾಗಿತ್ತು, ಅಷ್ಟೇ.)

ಊಟವಾದ ಮೇಲೆ ಮಾಸ್ಟರು ಭಾಮೈದನ ಫೋನು ಇಸಿದುಕೊಂಡು ಅವನ ಓನರಿಗೆ ಫೋನ್ ಮಾಡಿದ. "ನಾನು ಇವನ ಭಾವ. ನನ್ನ ಪಕ್ಕೆ ಮತ್ತೆ ಕೈ ಕೊಟ್ಟಿದೆ. ಬೀಳಿಸಿದೋನು ಇವನೇ, ಹಾಗಾಗಿ ಆಸ್ಪತ್ರೆಗೆ ಇವನೇ ಕರ್ಕೊಂಡ್ ಹೋಗ್ಬೇಕು. ನಾಳೆ ಬರಲ್ಲ. ನಾಡಿದ್ದೂ ಹೇಳಕ್ಕಾಗಲ್ಲ." ಆ ಕಡೆಯಿಂದ ಏನೋ ಅಂದರು. "ಹೌದು ಸಾರ್, ಬಹಳ ಬೇಜವಾಬ್ದಾರಿ. ನಾನೂ ಅದನ್ನೇ ಬೈತಿದ್ದೆ."

ಫೋನು ಇಟ್ಟು ನಕ್ಕ. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

೯. ಮುಕ್ತಾಯಗಳು, ಬೇಕಾದದ್ದನ್ನು ಆರಿಸಿಕೊಳ್ಳಿ

ಅ) ಕಿವಿಯೊಳಗಿನ ಸಣ್ಣ ತೊಂದರೆ. ಡಾಕ್ಟರು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ಸರಿ ಮಾಡುತ್ತಾರೆ. ತಮ್ಮ ಮತ್ತೆ ಗೋಡೆ ಹತ್ತುತ್ತಾನೆ.

ಆ) ದೊಡ್ಡ ತೊಂದರೆ. ಬರೆಯಲು ಕೂತೆ. ಎರಡು ಸಾಲಿನ ಮೇಲೆ ಕೈ ಓಡಲಿಲ್ಲ.

ಇ) ಏನೆಂದು ಗೊತ್ತಾಗುವುದಿಲ್ಲ. ಗೋಡೆ ಬಿಟ್ಟು ನೆಲದ ಮೇಲಿನ ಕೆಲಸ ಹಿಡಿಯುತ್ತಾನೆ, ಡ್ರೈವಿಂಗ್ ಸ್ಕೂಲಿನ ಕಾರುಗಳ ಏಸಿ ರಿಪೇರಿ, ಇಡೀ ದಿನ ಭಾವನ ಪಕ್ಕದಲ್ಲಿ. (ಇದಕ್ಕಿಂತ ಗೋಡೆಯೇ ವಾಸಿ ಎಂದು ಅವನ ಅಭಿಪ್ರಾಯ.)

೧೦.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮೂವರು ಕೂತಿದ್ದರು. ನಾಲ್ಕನೆಯ ಕುರ್ಚಿಯಲ್ಲಿ ನಾನು. ತಮ್ಮನನ್ನು ಕರೆದರು. ಅಕ್ಕ ಜೊತೆಗೆ ಎದ್ದಳು, ಅವಳು ಅಲ್ಲಿಯವಳೇ, ಯಾರೂ ತಡೆಯಲಿಲ್ಲ. ನಾನೂ ಎದ್ದೆ. ಬಾಗಿಲಲ್ಲಿದ್ದ ನರ್ಸು ಕೇಳಿದಳು: "ನೀವು ಪೇಷೆಂಟಿಗೆ ಏನಾಗ್ಬೇಕು?"

"ಬರೆಯೋನು."

"ಅಲ್ಲೇ ಕೂತ್ಕೊಳ್ಳಿ."

ಕೂತೆವು, ನಾನೂ ಮಾಸ್ಟರೂ. ಒಳಗಿಂದ ಡಾಕ್ಟರ ದನಿ ಕೇಳಿಸುತ್ತಿತ್ತು: ಮಂಚದ ಮೇಲೆ ಮಲಗು, ತಲೆ ಅಂಚಿನಿಂದ ಕೆಳಗೆ ಇಳಿಬಿಡು, ಕಣ್ಣು ಮುಚ್ಚಬೇಡ. ಆಮೇಲೆ ತಮ್ಮನ ದನಿ, ಚಿಕ್ಕ ಮಕ್ಕಳದ್ದರ ಹಾಗೆ ತೆಳ್ಳಗೆ: "ಬೀಳ್ತೀನಿ ಅಕ್ಕ."

"ಇಲ್ಲೇ ಇದ್ದೀನಿ ಕಣೋ."

ಮಾಸ್ಟರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಎದ್ದ. ನರ್ಸು ಏನೋ ಹೇಳುವುದರೊಳಗೆ ಬಾಗಿಲು ತಳ್ಳಿಕೊಂಡು ಒಳಗೆ ಹೋದ.

ಬಾಗಿಲು ಮುಚ್ಚಿತು. ನಾನಿನ್ನೂ ಹೊರಗೇ ಇದ್ದೇನೆ. ನಿಮಗೇನಾದರೂ ಕೇಳಿಸುತ್ತಿದೆಯೇ?