ಆರನೇ ರಿಂಗ್ ಆದ ಮೇಲೆ

ಅಮ್ಮನ ಪಾದದ ಮೇಲಿನ ಹೊದಿಕೆ ಸರಿಮಾಡುತ್ತಿದ್ದ ಮಗಳು ಅದನ್ನು ಅರ್ಧಕ್ಕೇ ಬಿಟ್ಟು ಎದ್ದು ಫೋನೆತ್ತಿದಳು. ಬೆಳಗಿನಿಂದ ಇದು ಒಂಬತ್ತನೆಯದು. ಮೊದಲೆರಡನ್ನು ಸಂತಾಪದ ಕರೆ ಎಂದುಕೊಂಡಿದ್ದಳು. ಸಂತಾಪವೂ ಇಲ್ಲ, ಗಿಂತಾಪವೂ ಇಲ್ಲ. ಎಲ್ಲವೂ ನೀರಿನ ಕಚೇರಿಗೆ ಬಂದ ದೂರುಗಳು. ಈ ಸಲದ ಹೆಂಗಸಂತೂ ಮನೆಯಲ್ಲಿ ಬಾಣಂತಿ ಇದ್ದಾಳೆ, ಮೂರು ದಿನದಿಂದ ನಲ್ಲಿಯಲ್ಲಿ ಹನಿ ನೀರಿಲ್ಲ, ನಿಮಗೆಲ್ಲ ಕಣ್ಣಲ್ಲಿ ರಕ್ತ ಇಲ್ಲವೇ ಎಂದು ಚೆನ್ನಾಗಿ ದಬಾಯಿಸಿದಳು.

"ಯಾವ ಬೀದಿ ಅಮ್ಮ, ಎಷ್ಟನೇ ಮನೆ?" ಎಂದು ಕೇಳಿ ಮಗಳು ಬರೆದುಕೊಂಡಳು. ಅಮ್ಮ ಕೇಳುತ್ತಿದ್ದುದೂ ಇದನ್ನೇ. ಇಪ್ಪತ್ತಾರು ವರ್ಷ ಆ ಕಚೇರಿಯ ಆಪರೇಟರ್ ಆಗಿದ್ದವಳನ್ನು ಅಲ್ಲಿ ಎಲ್ಲರೂ ಹಲೋ ಅಕ್ಕ ಎಂದೇ ಕರೆಯುತ್ತಿದ್ದರು. ಇವತ್ತು ಕಚೇರಿಗೆ ಅರ್ಧ ದಿನ ಬೀಗ ಹಾಕಿ ಎಲ್ಲರೂ ಇಲ್ಲಿ ಬಂದು ಗೋಡೆಗೊರಗಿ ನಿಂತಿದ್ದರು.

ಸೋದರಮಾವನಿಗೆ ತಡೆಯಲಾಗಲಿಲ್ಲ. "ವೈರ್ ಕಿತ್ತು ಬಿಸಾಕು ಮಗಳೇ. ಹೆಣ ಮುಂದಿಟ್ಕೊಂಡು ಊರ ನಲ್ಲಿ ಪಂಚಾಯ್ತಿ ಮಾಡ್ತಾರಾ?"

"ಅಮ್ಮ ಇದ್ದಿದ್ರೆ ಕೀಳ್ತಿದ್ಲಾ ಮಾವ?"

ಮಾವ ಹೋಗಿ ಇನ್ನೊಂದು ಹಾಳೆ ತಂದುಕೊಟ್ಟ.

ಮೂರು ವರ್ಷದ ಹಿಂದೆ ಕಚೇರಿಗೆ ಬಂದ ದೊಡ್ಡ ಸಾಹೇಬರಿಗೆ ಇದರ ತಲೆಬುಡ ತಿಳಿಯಲಿಲ್ಲ. ಕಚೇರಿಯ ಕರೆ ಈ ಮನೆಗೆ ಹೇಗೆ ಬರುತ್ತಿದೆ ಎಂದು ಪಿಸುದನಿಯಲ್ಲಿ ವಿಚಾರಿಸಿದರು. ಎಲ್ಲರ ಕಣ್ಣೂ ಕಚೇರಿಯ ಫೋನ್ ಮೆಕ್ಯಾನಿಕ್ ಕಡೆ ತಿರುಗಿತು. ಅವನು ತಲೆ ಕೆರೆದುಕೊಂಡು, ತಪ್ಪೊಪ್ಪಿಕೊಳ್ಳುವವನಂತೆ ಹೇಳತೊಡಗಿದ.

* * *

ಹನ್ನೊಂದು ವರ್ಷದ ಹಿಂದೆ ಕಚೇರಿಯ ಕರೆ ಹಂಚುವ ಹಳೆಯ ಬೋರ್ಡು ಹೋಗಿ ಗುಂಡಿಗಳ ಹೊಸ ಕನ್ಸೋಲ್ ಬಂದಿತ್ತು. ಮೆಕ್ಯಾನಿಕ್ ಒಂದೊಂದೇ ಗುಂಡಿಗೆ ಒಂದೊಂದು ವಿಭಾಗ ಜೋಡಿಸುತ್ತಿದ್ದ. ಹಲೋ ಅಕ್ಕ ಪಕ್ಕದಲ್ಲಿ ಕೂತು ಚೀಟಿ ಬರೆದು ಅಂಟಿಸುತ್ತಿದ್ದಳು. ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಆರು ರಿಂಗ್ ಆದರೂ ಆಪರೇಟರ್ ಎತ್ತದಿದ್ದರೆ ಕರೆ ಎಲ್ಲಿಗೆ ಹೋಗಬೇಕು? ಸುಮಾರು ಕಡೆ ಕಟ್ ಆಗುವಂತೆ ಇಡುತ್ತಾರೆ ಎಂದು ಅವನೇ ಹೇಳಿದ.

"ಅದಕ್ಕೆ ಯಂತ್ರ ಯಾಕಪ್ಪ, ಒಂದು ಕತ್ತರಿ ಸಾಕಿತ್ತಲ್ಲ," ಎಂದು ಅವಳು ಎದ್ದು ವಿಭಾಗ ವಿಭಾಗಕ್ಕೂ ಹೋಗಿ, ಯಾರಾದರೂ ತಮ್ಮ ಮನೆಯ ನಂಬರ್ ಕೊಡುತ್ತೀರಾ ಎಂದು ಕೇಳಿದಳು. ಒಬ್ಬರಿಗೆ ಬೀಪಿ, ಒಬ್ಬರಿಗೆ ಹೆಂಡತಿಯ ಭಯ, ಇನ್ನೊಬ್ಬರು ನಾಳೆ ಹೇಳುತ್ತೇನೆ ಎಂದವರು ಹೇಳಲೇ ಇಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅವಳು ತನ್ನ ಮನೆಯ ನಂಬರ್ ಬರೆಸಿದಳು.

ಅಂದಿನಿಂದ ರಜೆಯ ದಿನವೂ ಅಮ್ಮ ತುತ್ತು ಬಿಟ್ಟು ಫೋನಿಗೆ ಓಡುತ್ತಿದ್ದಳು. ಕಚೇರಿಯವರು ಹೇರಿದ ಹೊರೆ ಎಂದುಕೊಂಡು ಮಗಳು ಸಿಡುಕಿದ್ದಕ್ಕೆ ಲೆಕ್ಕವಿಲ್ಲ. ಅಮ್ಮ ತಾನಾಗಿಯೇ ಹೊತ್ತುಕೊಂಡಿದ್ದು ಎಂದು ಈಗ ತಿಳಿದು, ಅವಳು ಅರ್ಧಕ್ಕೆ ಬಿಟ್ಟಿದ್ದ ಹೊದಿಕೆಯನ್ನು ಅಮ್ಮನ ಪಾದದ ಮೇಲೆ ಪೂರ್ತಿ ಎಳೆದಳು.

* * *

ಮಣ್ಣು ಮಾಡಿ ಮನೆಗೆ ಹಿಂದಿರುಗಿದಾಗ ಸಾಹೇಬರು ಮಗಳ ಬಳಿ ಬಂದು, ನಿಮಗಿನ್ನು ಈ ಕಾಟ ಬೇಡ, ನಾಳೆ ನಂಬರ್ ತೆಗೆಸಿ ರೆಕಾರ್ಡಿಂಗ್ ಹಾಕಿಸುತ್ತೇನೆ ಎಂದರು.

"ನಾಳೆ ಯಾಕೆ ಸಾರ್, ಈಗಲೇ ಹೋಗೋಣ," ಎಂದಳು. ಮನೆಯ ಫೋನಿನ ಮುಂದೆ ಮಾವನನ್ನು ಕೂರಿಸಿ ಉಟ್ಟ ಬಟ್ಟೆಯಲ್ಲೇ ಹೊರಟಳು. ಕಚೇರಿಯವರೆಲ್ಲ ಹಿಂಬಾಲಿಸಿದರು.

ಕನ್ಸೋಲಿನ ಮೇಲೆ ಅಮ್ಮನ ಅಕ್ಷರದ ಚೀಟಿಗಳು ಮಾಸಿದ್ದವು. ಬದಿಯಲ್ಲಿ ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲೊಂದು ತೂಗುತ್ತಿತ್ತು. ಬಿಚ್ಚಿಟ್ಟರೆ ಕದಿಯುತ್ತಾರೆಂದು ಅಮ್ಮ ಕಟ್ಟಿದ್ದು. ಮೆಕ್ಯಾನಿಕ್ ಅಮ್ಮನ ಮನೆಯ ನಂಬರ್ ಅಳಿಸಿದ. ಪರದೆಯಲ್ಲಿ ಆ ಜಾಗ ಖಾಲಿಯಾಯಿತು.

ಮಗಳು ಅಮ್ಮನ ಕುರ್ಚಿಯಲ್ಲಿ ಕೂತಳು. ಬೆಳಗಿನಿಂದ ಬರೆದ ಹಾಳೆಯನ್ನು ಸಾಹೇಬರ ಮುಂದಿಟ್ಟಳು. ಹದಿನಾಲ್ಕು ಮನೆಗಳು. "ರೆಕಾರ್ಡಿಂಗು ಬೀದಿ ಹೆಸರು ಬರ್ಕೊಳ್ಳುತ್ತಾ ಸಾರ್? ಇಲ್ಲಿಗೆ ಒಬ್ಬ ಮನುಷ್ಯನ ನಂಬರ್ ಬೇಕು. ಯಾರದು ಹೇಳಿ, ಅಲ್ಲೀವರೆಗೆ ನಾನು ಏಳಲ್ಲ."

ಹಿಂದೆ ನಿಂತ ವಿಭಾಗದವರೆಲ್ಲ ಗೋಡೆಯ ಕ್ಯಾಲೆಂಡರ್ ಓದುವುದರಲ್ಲಿ ಮುಳುಗಿದರು. ಸಾಹೇಬರು ಅವರನ್ನು ನೋಡಿದರು, ಹಾಳೆಯನ್ನು ನೋಡಿದರು. ಆಮೇಲೆ ತಮ್ಮ ಮೊಬೈಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು.

ಮೆಕ್ಯಾನಿಕ್ ಕೊನೆಯ ಗುಂಡಿ ಒತ್ತಿ ಸ್ವಲ್ಪ ಹೊತ್ತಾಗಿತ್ತು, ಕನ್ಸೋಲಿನ ದೀಪ ಹೊತ್ತಿ ರಿಂಗ್ ಆಗತೊಡಗಿತು. ಎತ್ತಲು ಹೋದ ಅವನ ಕೈಯನ್ನು ಮಗಳು ಹಿಡಿದುಕೊಂಡಳು. ಒಂದು, ಎರಡು, ಮೂರು... ಆರು. ದೀಪ ಆರಿತು. ಸಾಹೇಬರ ಜೇಬು ಬಡಿದುಕೊಳ್ಳತೊಡಗಿತು.

ಅವರು ಗಂಟಲು ಸರಿಮಾಡಿಕೊಂಡು ಫೋನ್ ಕಿವಿಗಿಟ್ಟರು. ಸ್ವಲ್ಪ ಹೊತ್ತು ಬೈಗುಳ ಕೇಳಿದರು. ಆಮೇಲೆ ಪೆನ್ನಿಗಾಗಿ ಜೇಬು ತಡಕಾಡಿದರು, ಸಿಗಲಿಲ್ಲ. ಮಗಳು ಅಮ್ಮನ ಪೆನ್ಸಿಲನ್ನು ಅವರ ಕೈಗಿತ್ತಳು. ದಾರ ಗಿಡ್ಡವಾಗಿತ್ತು. ದೊಡ್ಡ ಸಾಹೇಬರು ಫೋನನ್ನು ಭುಜಕ್ಕೆ ಒತ್ತಿಕೊಂಡು, ಸೊಂಟ ಬಗ್ಗಿಸಿ ಕನ್ಸೋಲಿನ ಮೇಲೆ ಬಾಗಿ, "ಯಾವ ಬೀದಿ ಅಮ್ಮ, ಎಷ್ಟನೇ ಮನೆ?" ಎಂದು ಕೇಳಿ ಹಾಳೆಯ ತುದಿಯಲ್ಲಿ ಹದಿನೈದನೆಯದನ್ನು ಬರೆಯತೊಡಗಿದರು.