ಹುಳುಮನೆಯವರೆಗೆ ಕೇಳಿದ ಹಾಡು

ಹುಳು ನಾಲ್ಕನೇ ಜ್ವರದಿಂದ ಎದ್ದ ದಿನವೇ ಕವಿತಳಿಗೆ ಚಿಕ್ಕಬಳ್ಳಾಪುರದಿಂದ ಫೋನು ಬಂತು. ಶನಿವಾರ ಸಂಜೆ ಅಲ್ಲಿ ಗಾಯಕಿ ಚೈತನ್ಯಳ ಕಾರ್ಯಕ್ರಮ. ಅದಕ್ಕೆ ಮೊದಲು ಜಿಲ್ಲೆಯ ಕೆಲವು ಹುಡುಗಿಯರು ಅದೇ ವೇದಿಕೆಯಲ್ಲಿ ಒಂದೊಂದು ಹಾಡು ಹಾಡುವುದಿತ್ತು. ಕವಿತ ಕಳಿಸಿದ್ದ ವಿಡಿಯೋ ಅವರಿಗೆ ಹಿಡಿಸಿತ್ತು.

ಕವಿತ ನನ್ನ ಗಂಡನ ತಂಗಿ. ಫೋನು ಇಟ್ಟವಳು ಅಂಗಳದಲ್ಲಿ ಎರಡು ಸುತ್ತು ಓಡಿ ಬಂದಳು. ಅವಳ ಅಮ್ಮ ಲಕ್ಷ್ಮಿದೇವಮ್ಮ ತಲೆಯ ಮೇಲಿನ ಸೊಪ್ಪಿನ ಹೊರೆ ಇಳಿಸಿ, "ಶನಿವಾರ ಯಾರೂ ಎಲ್ಲಿಗೂ ಹೋಗಂಗಿಲ್ಲ" ಅಂದರು.

ರೇಷ್ಮೆ ಹುಳು ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದರಿಂದ ಎದ್ದ ಹುಳುವಿನ ಹಸಿವು ದೊಡ್ಡದು. ಹಣ್ಣಾಗಿ ಗೂಡು ಕಟ್ಟುವವರೆಗೆ ಮನೆಯ ಕೈಗಳೆಲ್ಲ ಅದಕ್ಕೇ ಬೇಕು. ಒಂದು ಜೊತೆ ಕೈ ಆಗಲೇ ಕಡಿಮೆಯಾಗಿತ್ತು. ನನ್ನ ಗಂಡ ಮಧುಸೂದನ್ ಹೋದ ಆಷಾಢದಲ್ಲಿ ಪೆರೇಸಂದ್ರದ ಹತ್ತಿರ ಹೈವೇಯಲ್ಲಿ ತೀರಿಕೊಂಡಿದ್ದ.

"ಅಣ್ಣ ಇದ್ದಿದ್ರೆ ಕರ್ಕೊಂಡ್ ಹೋಗ್ತಿದ್ದ," ಅಂದಳು ಕವಿತ.

ನಾನು ಸೊಪ್ಪಿನ ಕಟ್ಟು ಬಿಚ್ಚಿದೆ. ಬಿಚ್ಚಿದ್ದನ್ನು ಇನ್ನೊಂದು ಕಡೆ ಒಟ್ಟಿದೆ. ಅಲ್ಲಿ ನೆರಳು ಸಾಲದೆಂದು ಮತ್ತೆ ಮೊದಲಿನ ಜಾಗಕ್ಕೇ ತಂದೆ. ಆ ದಿನಗಳಲ್ಲಿ ನನಗೆ ಕೂರುವುದು ಆಗುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದೆ. ಅಳು ಬರುತ್ತಿರಲಿಲ್ಲ. ಕೈಕಾಲು ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಚೈತನ್ಯ ನಮ್ ಜಿಲ್ಲೆಗೆ ಬರೋದೇ ಒಂದ್ ಸಲ ಅಮ್ಮ. ನಿಂಗೆ ಗೊತ್ತಾ ಅವಳು ಎಷ್ಟು ದೊಡ್ಡೋಳು ಅಂತ?"

"ಏನ್ ದೊಡ್ಡೋಳು? ಗಂಡಸ್ರ ಅಂಗಿ ಹಾಕ್ಕೊಂಡು, ತಲೆಗೆ ಬೂದಿ ಬಳ್ಕೊಂಡು ಕುಣಿಯೋಳು. ಪದ್ಮಶ್ರೀ ಕಾಲಿನ್ ಧೂಳಿಗೆ ಸಮ ಇಲ್ಲ."

ಇದು ಮನೆಯ ಹಳೆಯ ಜಗಳ. ಪದ್ಮಶ್ರೀ ಎಂದರೆ ಚಿಂತಾಮಣಿಯ ಆರ್ಕೆಸ್ಟ್ರಾ ಗಾಯಕಿ. ಅತ್ತೆ ಲಂಗ ದಾವಣಿ ಉಡುತ್ತಿದ್ದ ಕಾಲದಲ್ಲಿ ಗೌರಿಬಿದನೂರಿನವರೆಗೆ ಅವಳದೇ ಹೆಸರು. ಅವಳನ್ನು ನೋಡಿ ಹುಡುಗಿಯರು ಹಣೆಯ ಮೇಲೆ ಕೂದಲು ಕತ್ತರಿಸಿಕೊಂಡರಂತೆ. ಅತ್ತೆಯೂ ಕುಡುಗೋಲಿನಲ್ಲಿ ಕತ್ತರಿಸಿಕೊಂಡು, ಅದು ಬೆಳೆಯುವ ತನಕ ಸೆರಗು ಹೊದ್ದು ತಿರುಗಿದ್ದರು. ಚಿಂತಾಮಣಿಯ ಬಟ್ಟೆ ಅಂಗಡಿಗಳಲ್ಲಿ ನಕ್ಷತ್ರದ ಸೀರೆಗೆ ಅವಳ ಹೆಸರೇ ಬಿದ್ದಿತ್ತು. ಈಗಲೂ ನಮ್ಮ ತಾಲ್ಲೂಕಿನಲ್ಲಿ ಒಂದು ವಯಸ್ಸಿನ ಹೆಂಗಸರಲ್ಲಿ ಪದ್ಮಶ್ರೀಯರು ಜಾಸ್ತಿ. ದಿಬ್ಬೂರಹಳ್ಳಿಯ ಅಂಗನವಾಡಿ ಟೀಚರು ಒಬ್ಬರು, ಡೇರಿಯಲ್ಲಿ ಹಾಲು ಅಳೆಯುವವರು ಇನ್ನೊಬ್ಬರು.

"ಅತ್ತಿಗೆ, ನೀನೇ ಹೇಳು. ನೀನು ಎಂ.ಎ.ಲಿ ಇದನ್ನೇ ಅಲ್ವಾ ಬರೆದಿದ್ದು? ಚೈತನ್ಯ ದೊಡ್ಡೋಳಾ, ಪದ್ಮಶ್ರೀ ದೊಡ್ಡೋಳಾ?"

ನಿಜ. ಮೂರು ತಲೆಮಾರಿನ ಗಾಯಕಿಯರು ತಮ್ಮ ಕೇಳುಗರನ್ನು ಎಷ್ಟು ಬದಲಿಸಿದರು ಎಂದು ನಾನು ಪ್ರಬಂಧ ಬರೆದಿದ್ದೆ. ಎಷ್ಟು ಕ್ಯಾಸೆಟ್ ಮಾರಾಟವಾಯಿತು, ಯಾವ ಸೀರೆಗೆ ಯಾರ ಹೆಸರು ಬಂತು, ಎಷ್ಟು ಜನ ಫೋನಿನಲ್ಲಿ ನೋಡಿದರು. ಕೊನೆಯಲ್ಲಿ ಒಂದು ತೀರ್ಮಾನವನ್ನೂ ಕೊಟ್ಟಿದ್ದೆ. ಅದು ಏನೆಂದು ನೆನಪಾಗಲಿಲ್ಲ.

"ಗೊತ್ತಿಲ್ಲ," ಅಂದೆ.

"ಎಂ.ಎ. ಮಾಡಿ ಗೊತ್ತಿಲ್ಲ ಅಂತಾಳೆ. ಸರಿಯಾಗಿ ಓದಿದೋರ ಲಕ್ಷಣ ಅದೇ," ಎಂದು ಮಾವ ಕೋನಪ್ಪ ಹುಳುಮನೆಯ ಬಾಗಿಲಿನಿಂದ ನಕ್ಕರು.

"ಆಯಮ್ಮ ಹಳದಿ ಸೀರೆ ಉಟ್ಕೊಂಡು, ಮೈತುಂಬ ಬೆಳ್ಳಿ ನಕ್ಷತ್ರ, ಹಿಂಗೆ ಕೈ ಎತ್ತಿದ್ರೆ," ಎಂದು ಅತ್ತೆ ಕುಡುಗೋಲು ಹಿಡಿದ ಕೈಯನ್ನೇ ಎತ್ತಿದರು. "ಹಿಂಗೆ ಕೈ ಎತ್ತಿದ್ರೆ ಜನ ಉಸಿರು ಬಿಡ್ತಿರ್ಲಿಲ್ಲ."

"ಹೋದ್ ಸಲ ನೀಲಿ ಸೀರೆ ಅಂದಿದ್ದೆ," ಅಂದಳು ಕವಿತ.

"ಎರಡೂ ಇತ್ತು ಕಣೇ. ಒಂದೇ ಸೀರೆಲಿ ಇರಕ್ಕೆ ಆಯಮ್ಮ ಏನು ನಾನಾ?"

ಅವತ್ತು ಸಂಜೆ ಕವಿತ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. ಅವಳ ಕಣ್ಣು ಮಂಚದ ಕೆಳಗಿನ ಟ್ರಂಕಿನ ಮೇಲಿತ್ತು.

"ಅಮ್ಮನ್ನ ಹೆಂಗಾದ್ರೂ ಒಪ್ಪಿಸ್ತೀನಿ ಅತ್ತಿಗೆ. ಚೈತನ್ಯ ಥರ ಹಾಕ್ಕೊಳ್ಳಕ್ಕೆ... ಅಣ್ಣನ್ ನೀಲಿ ಅಂಗಿ ಒಂದಿನಕ್ಕೆ ಕೊಡ್ತೀಯಾ?"

ಬಾಬಾಸಾಹೇಬರ ಜಯಂತಿಯ ಮೆರವಣಿಗೆಗೆ ಅವನು ಪ್ರತಿ ವರ್ಷ ಹಾಕುತ್ತಿದ್ದ ಅಂಗಿ ಅದು. ತೋಳನ್ನು ಮೊಣಕೈವರೆಗೆ, ಅಗಲವಾಗಿ ಮಡಚುತ್ತಿದ್ದ. ನಾನು ನೀರು ತರಬೇಕು ಎಂದು ಹೇಳಿ ಎದ್ದುಹೋದೆ. ಕೊಡಗಳೆಲ್ಲ ತುಂಬಿದ್ದವು.

ಗುರುವಾರ ಸಂಜೆ ಆ ತಪ್ಪು ನಡೆಯಿತು.

ಹುಳು ಇರುವಷ್ಟು ದಿನ ನಮ್ಮ ಮನೆಯಲ್ಲಿ ಯಾವ ವಾಸನೆಗೂ ಜಾಗವಿಲ್ಲ. ಪೌಡರಿಲ್ಲ, ಸೊಳ್ಳೆ ಬತ್ತಿ ಇಲ್ಲ. ಮೆಣಸಿನಕಾಯಿ ಒಗ್ಗರಣೆ ಹಾಕುವುದಾದರೆ ಬೀದಿ ಕಡೆಯ ಒಲೆಯಲ್ಲಿ. ಗೋಡೆಯ ಮೇಲಿನ ಬುದ್ಧನಿಗೂ ಬಾಬಾಸಾಹೇಬರಿಗೂ ಊದುಬತ್ತಿ ಇಲ್ಲ, ಹೂವಷ್ಟೇ. ಮಾವ ಬೀಡಿ ಸೇದಲು ಕೆರೆ ಏರಿಯವರೆಗೆ ಹೋಗಿ, ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಕವಿತ ಇದರಲ್ಲೇ ಹುಟ್ಟಿ ಬೆಳೆದವಳು. ಆದರೆ ಚೈತನ್ಯಳ ಹಾಗೆ ಕಾಣಲು ಶಿಡ್ಲಘಟ್ಟದಿಂದ ತಂದ ಬೆಳ್ಳಿ ಬಣ್ಣದ ಸ್ಪ್ರೇ ಕೂದಲಿನಲ್ಲಿ ಹೇಗೆ ಕಾಣುತ್ತದೆಂದು ನೋಡುವ ಆಸೆ ತಡೆಯಲಾಗಲಿಲ್ಲ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಹೊಡೆದುಕೊಂಡಳು. ಬಚ್ಚಲಿನ ಕಿಂಡಿಯ ಎದುರಿಗೇ ಹುಳುಮನೆಯ ಬಲೆ ಕಿಟಕಿ. ಗಾಳಿ ಆ ಕಡೆಗೇ ಇತ್ತು.

ಮೊದಲು ಗೊತ್ತಾದದ್ದು ಅತ್ತೆಗೆ. ಒಳಗೆ ಮೇಯುವ ಸದ್ದು ನಿಂತಿತ್ತು. ನಾವು ಹೋಗಿ ನೋಡಿದಾಗ ಕಿಟಕಿ ಪಕ್ಕದ ಅಟ್ಟಣೆಗಳಲ್ಲಿ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಾರಿದ್ದವು.

ಕವಿತ ಬಾಗಿಲಿಗೆ ಬಂದಳು. ಅರ್ಧ ತಲೆ ಕಪ್ಪು, ಅರ್ಧ ಬೆಳ್ಳಿ.

ಅತ್ತೆ ಅವಳನ್ನು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ.

"ಬೆಳ್ಳಿ ಕೂದ್ಲು ಬೇಕಿತ್ತಾ ನಿಂಗೆ? ಒಂದಿಷ್ಟು ವರ್ಷ ತಡಕೋ, ಬೇಡ ಅಂದ್ರೂ ಬರ್ತದೆ! ಹೊರಗ್ ನಡಿ. ಒಳಗ್ ಕಾಲಿಡಬೇಡ."

ಆಮೇಲೆ ಯಾರಿಗೂ ಬಯ್ಯಲು ಪುರುಸೊತ್ತು ಇರಲಿಲ್ಲ. ಆ ಕಿಟಕಿ ಮುಚ್ಚಿ, ಎದುರಿನವನ್ನೆಲ್ಲ ತೆರೆದೆವು. ಹಾಕಿದ್ದ ಸೊಪ್ಪು ತೆಗೆದೆವು. ಸುಣ್ಣದ ಪುಡಿ ಉದುರಿಸಿ, ಹೊಸ ಸೊಪ್ಪು ಕೊಯ್ದು ತಂದು ಹಾಸಿದೆವು. ನಾನು ತೋಟಕ್ಕೂ ಹುಳುಮನೆಗೂ ಓಡಾಡಿದೆ. ಓಡಾಡಲು ಒಂದು ಕಾರಣ ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ನೆಮ್ಮದಿಯಾಯಿತು. ಅದಕ್ಕೆ ನಾಚಿಕೆಯೂ ಆಯಿತು. ಕವಿತ ಬೋರ್‌ವೆಲ್ ಕೆಳಗೆ ತಲೆ ಕೊಟ್ಟು, ಸೀಗೆಪುಡಿ ಹಾಕಿ ಮತ್ತೆ ಮತ್ತೆ ಉಜ್ಜಿಕೊಳ್ಳುತ್ತಿದ್ದಳು.

ಬೆಳಗಾಗುವ ಹೊತ್ತಿಗೆ ಹುಳು ಮತ್ತೆ ಬಾಯಿ ಹಾಕಿದವು. ಕಿಟಕಿ ಪಕ್ಕದ ಒಂದಷ್ಟು ಸತ್ತಿದ್ದವು. ಉಳಿದವು ಮೇಯುತ್ತಿದ್ದವು. ಮಾವ ಸತ್ತವನ್ನು ಆಯ್ದು ಬುಟ್ಟಿಗೆ ಹಾಕಿ, "ಬೆಳೆ ಏನೂ ಹೋಗಿಲ್ಲ," ಅಂದರು. ಅತ್ತೆ ಬಾಗಿಲಿಗೆ ಒರಗಿ ಕೂತರು.

ಕವಿತ ಅವತ್ತೆಲ್ಲ ಫೋನು ಮುಟ್ಟಲಿಲ್ಲ. ಸೊಪ್ಪು ಕೊಯ್ದಳು, ಹೊತ್ತಳು, ಹಾಕಿದಳು. ಶನಿವಾರ ಬೆಳಿಗ್ಗೆ ಚಿಕ್ಕಬಳ್ಳಾಪುರದವರ ಫೋನು ಬಂದಾಗ ನನ್ನ ಕೈಗೆ ಕೊಟ್ಟಳು.

"ಬರಲ್ಲ ಅಂತ ಹೇಳತ್ತಿಗೆ."

"ನೀನೇ ಹೇಳು," ಅಂದೆ. ಫೋನು ಹೊಡೆದುಕೊಂಡು ನಿಂತಿತು.

"ಯಾಕೆ ಹೋಗಲ್ಲ?" ಅತ್ತೆ ಕೇಳಿದರು.

"ಹುಳ ಬಿಟ್ಟು ಎಲ್ಲಿಗ್ ಹೋಗ್ಲಮ್ಮ."

ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅವರು ಮಗಳನ್ನೇ ನೋಡಿದರು. ಆಮೇಲೆ ನನ್ನನ್ನು. ಹೇಳಿದ್ದು ನನಗೆ.

"ಪದ್ಮಶ್ರೀನ ನಾನು ನೋಡಿಲ್ಲ ತನುಜಮ್ಮ."

ಕವಿತ ತಲೆ ಎತ್ತಿದಳು.

"ಪಕ್ಕದೂರಲ್ಲಿ ಜಯಂತಿಗೆ ಬಂದಿದ್ಲು. ಊರಿಗ್ ಊರೇ ಹೋಯ್ತು. ನಮ್ಮನೇಲಿ ಹುಳು ಕೊನೇ ಮೇವಿಗೆ ಬಂದಿತ್ತು. ನಮ್ಮಮ್ಮ ಹೋಗ್ಬೇಡ ಅನ್ಲಿಲ್ಲ. ನಾನೇ ಅಂದೆ, ಹುಳ ಬಿಟ್ಟು ಎಲ್ಲಿಗ್ ಹೋಗ್ಲಿ ಅಂತ. ನಮ್ಮಮ್ಮ ಸರಿ ಅಂದ್ಬಿಟ್ಲು. ಹೋಗು ಅಂತಾಳೇನೋ ಅಂತ ಕಾಯ್ತಿದ್ದೆ."

"ಮತ್ತೆ ಹಳದಿ ಸೀರೆ?"

"ಹುಣಸೇ ಮರಕ್ಕೆ ಮೈಕಿನ ಹಾರನ್ ಕಟ್ಟಿದ್ರು. ಹುಳುಮನೆಗೆ ಕೇಳಿಸ್ತಿತ್ತು. ಗಾಳಿ ನಮ್ ಕಡೆ ತಿರುಗಿದ್ರೆ ಅರ್ಧ ಹಾಡು, ಆ ಕಡೆ ತಿರುಗಿದ್ರೆ ಏನೂ ಇಲ್ಲ. ಮಿಕ್ಕಿದ್ದು ನಾನೇ ಸೇರಿಸ್ಕೊಂಡೆ. ಸೀರೆನೂ ನಾನೇ ಉಡಿಸ್ದೆ."

"ನೋಡ್ದೇನೇ ಕೂದ್ಲು ಕತ್ತರಿಸ್ಕೊಂಡ್ಯಾ ಅಮ್ಮ?"

"ಅದು ನೋಡ್ದೋರು ಹೇಳಿದ್ದು. ಅದಕ್ಕೇ ವಕ್ರ ಆಯ್ತು."

ಕವಿತ ನಗಲು ಹೋಗಿ ಅತ್ತಳು. ಅತ್ತೆ ಎದ್ದು ಸೆರಗು ಕೊಡವಿದರು. "ಅಳೋ ಹೊತ್ತಲ್ಲಿ ಸ್ನಾನ ಮಾಡು. ನಾನೂ ನಿಮ್ಮಪ್ಪನೂ ಹುಳ ನೋಡ್ಕೋತೀವಿ. ತನುಜಮ್ಮ, ನೀನು ಕರ್ಕೊಂಡ್ ಹೋಗು."

"ನಾನಾ ಅತ್ತೆ? ಇನ್ನೂ ವರ್ಷ ತುಂಬಿಲ್ಲ. ಜನ—"

"ನಿನ್ ಬಳೆ ತೆಗಿಯಕ್ಕೆ ಬಂದೋರಿಗೆ ಅವತ್ತೇ ಬಾಗಿಲು ತೋರಿಸಿಲ್ವಾ ನಾನು? ಇವತ್ತು ಯಾರಾದ್ರೂ ಏನಾದ್ರೂ ಅಂದ್ರೆ ನನ್ ಹತ್ರ ಕಳಿಸು. ಸೊಪ್ಪು ಹೊರ್ಸಕ್ಕೆ ಆಳು ಬೇಕಾಗೈತೆ."

ನಾನು ಕೋಣೆಗೆ ಹೋಗಿ ಟ್ರಂಕು ಎಳೆದೆ. ಅಂಗಿ ಮೇಲೆಯೇ ಇತ್ತು. ಮೂಸಿ ನೋಡಲಿಲ್ಲ. ಹಾಗೇ ಮಡಚಿ ಚೀಲಕ್ಕೆ ಹಾಕಿದೆ.

ದಿಬ್ಬೂರಹಳ್ಳಿಯ ಬಸ್ ಸ್ಟಾಪಿನಲ್ಲಿ ಪಕ್ಕದ ಬೀದಿಯ ಗಂಗುಲಮ್ಮ ಸಿಕ್ಕರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಕ್ಕಡಿಕಮ್ಮಾ ಇಬ್ರೂ?" ಎಂದು ತೆಲುಗು ಬೆರೆಸಿ, ಎಲ್ಲಿಗೆಂದು ಕೇಳಿದರು.

"ಪಾಟ ಹಾಡಕ್ಕೆ," ಅಂದಳು ಕವಿತ.

"ಯಾರು, ನೀನಾ, ಇವಳಾ?"

"ನಾನು ಹಾಡ್ತೀನಿ, ಅತ್ತಿಗೆ ಚಪ್ಪಾಳೆ ಹೊಡೀತಾಳೆ. ನೀನೂ ಬಾ ಗಂಗುಲಕ್ಕ, ಕುಣಿಯೋರು ಕಡಿಮೆ ಬಿದ್ದವ್ರೆ."

ಪೆರೇಸಂದ್ರದ ಮೇಲೆ ಹೋಗುವುದು ಬೇಡ, ಶಿಡ್ಲಘಟ್ಟದ ಮೇಲೆ ಹೋಗೋಣ ಎಂದೆ. ಕವಿತ ಯಾಕೆಂದು ಕೇಳಲಿಲ್ಲ. ಬಸ್ಸಿನಲ್ಲಿ ಸೀಟಿತ್ತು. ನಾನು ಕಂಬಿ ಹಿಡಿದು ನಿಂತೇ ಹೋದೆ.

ಚಿಕ್ಕಬಳ್ಳಾಪುರದ ಮೈದಾನದಲ್ಲಿ ಎಲ್ಲಿ ನೋಡಿದರೂ ಬೆಳ್ಳಿ ಕೂದಲು. ಶಾಲೆಯ ಮಕ್ಕಳಿಂದ ಹಿಡಿದು ಅವರ ಅಮ್ಮಂದಿರವರೆಗೆ. ನನ್ನ ಪ್ರಬಂಧದ ಸಾಲುಗಳು ಒಂದೊಂದಾಗಿ ನೆನಪಿಗೆ ಬಂದವು. ಎಣಿಸಬಹುದಾದದ್ದನ್ನೆಲ್ಲ ಎಣಿಸಿದ್ದೆ. ಹುಣಸೇ ಮರದ ಹಾರನ್ನಿನಿಂದ ಅರ್ಧ ಹಾಡು ಕೇಳಿ, ಉಳಿದದ್ದನ್ನು ಇಷ್ಟು ವರ್ಷ ಹೊಲಿಯುತ್ತ ಬಂದವರನ್ನು ಯಾವ ಸಾಲಿಗೆ ಸೇರಿಸುವುದು?

ಜನರ ನಡುವೆ ಅತ್ತ ಇತ್ತ ನಡೆದೆ. ಸೋಡಾ ಅಂಗಡಿಯವರೆಗೆ ಹೋದೆ, ಬಂದೆ, ಮತ್ತೆ ಹೋದೆ.

ಕವಿತಳ ಹೆಸರು ಕೂಗಿದರು. ಬೆಳ್ಳಿಯ ಎಳೆಯೊಂದೂ ಇಲ್ಲದ ತಲೆ, ಒಂದೇ ಜಡೆ. ಅವಳು ಮೈಕಿನ ಮುಂದೆ ಬಂದು ನಿಂತಾಗ ಯಾರೋ ಹುಡುಗ, "ಏ, ಸೀಗೆಕಾಯಿ!" ಎಂದು ಕೂಗಿದ. ಸುತ್ತ ನಕ್ಕರು. ನಾನು ಅತ್ತೆಗೆ ಫೋನು ಮಾಡಿದೆ.

"ಶುರುವಾಗ್ತಿದೆ ಅತ್ತೆ. ವಿಡಿಯೋ ಹಾಕ್ಲಾ?"

"ಬೇಡ. ಕೈಲಿ ಸೊಪ್ಪೈತೆ. ಹಂಗೇ ಎತ್ತಿ ಹಿಡಿ."

ಫೋನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದೆ. ಕವಿತಳ ಗಂಟಲು ಮೊದಲ ಸಾಲಿನಲ್ಲಿ ನಡುಗಿತು. ಎರಡನೆಯ ಸಾಲಿಗೆ ಹದಕ್ಕೆ ಬಂತು. ಚೈತನ್ಯಳ ಹಾಡೇ, ಆದರೆ ಅವಳಿಗಿಂತ ನಿಧಾನ. ಕೂಗಿದ ಹುಡುಗ ಮತ್ತೆ ಕೂಗಲಿಲ್ಲ. ನನ್ನ ಕೈ ಸೋತಿತು. ಇಳಿಸಲಿಲ್ಲ. ಜನ ತಳ್ಳಿದರು. ಅಲ್ಲಾಡಿದರೆ ಹುಳುಮನೆಗೆ ಹಾಡು ತಪ್ಪೀತೆಂದು ಕಾಲೂರಿ ನಿಂತೆ.

ಹಾಡು ಮುಗಿಯಿತು. ಚಪ್ಪಾಳೆ ಇಳಿದ ಮೇಲೆ ಫೋನು ಕಿವಿಗಿಟ್ಟುಕೊಂಡೆ.

"ಪದ್ಮಶ್ರೀ ಥರ ಇಲ್ಲ," ಅಂದರು ಅತ್ತೆ. ಮೂಗು ಒರೆಸಿಕೊಂಡ ಸದ್ದು. "ಮಧ್ಯ ಮಧ್ಯ ಬಿಟ್ಟೋಗ್ತಿತ್ತು. ಯಾವ ಬಣ್ಣದ್ದು ಹಾಕ್ಕೊಂಡವ್ಳೆ?"

"ನೀಲಿ."

"ಮಧುದಾ?"

"ಹ್ಞೂಂ ಅತ್ತೆ."

"ತೋಳು ಮಡಚ್ಕೊಂಡವ್ಳಾ?"

ವೇದಿಕೆಯ ಕಡೆ ನೋಡಿದೆ. ಕವಿತ ಮೆಟ್ಟಿಲು ಇಳಿಯುತ್ತಿದ್ದಳು. "ಮೊಣಕೈವರೆಗೆ. ಅಗಲವಾಗಿ."

"ಸರಿ. ಹುಳು ಮೇವು ಕೇಳ್ತವೆ, ಇಡ್ತೀನಿ," ಅಂದರು. ಇಡಲಿಲ್ಲ.

ಮುಂದಿನ ಹುಡುಗಿ ಮೈಕು ಹಿಡಿದಳು. ನಾನು ಫೋನನ್ನು ಮತ್ತೆ ಮೇಲೆ ಎತ್ತಿ ಹಿಡಿದೆ.